ಬೀಡಿ ದುಡಿಮೆಯನ್ನು ಅಳೆಯುವುದು ಹೇಗೆ? ಒಂದು ಸಣ್ಣ ಸಂಶೋಧನಾ ಅನುದಾನದ ಅರ್ಜಿಯ ಸುತ್ತ

ದುಡಿಮೆ ಮತ್ತು ಆರೋಗ್ಯದ ಸಂಬಂಧ ಕುರಿತು ಸಣ್ಣ ಅನುದಾನ ಕೇಳುವ ಅರ್ಜಿಗಳು ಬಹುಮಟ್ಟಿಗೆ ರೋಗದಿಂದ ಶುರುವಾಗುತ್ತವೆ. ಇಂಥ ಕಸುಬಿನವರಲ್ಲಿ ಸೊಂಟನೋವು ಎಷ್ಟು, ಕೆಮ್ಮು ಎಷ್ಟು, ರಕ್ತಹೀನತೆ ಎಷ್ಟು ಎಂಬ ಎಣಿಕೆಯೇ ಉದ್ದೇಶವಾಗುತ್ತದೆ. ಕಸುಬು ಶೀರ್ಷಿಕೆಯಲ್ಲಷ್ಟೇ ಕಾಣಿಸಿಕೊಂಡು ಮರೆಯಾಗುತ್ತದೆ. ಕರಾವಳಿಯ ಬೀಡಿ ದುಡಿಮೆಯನ್ನು ಮುಂದಿಟ್ಟುಕೊಂಡು ಈ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ಈ ಲೇಖನದ ವಾದ. ಹಣ ಕಡಿಮೆ, ಅವಧಿ ಕಿರಿದು ಎಂದಾಗ ಅದನ್ನು ಮೊದಲು ಕೆಲಸದ ಅಳತೆಗೆ ಖರ್ಚು ಮಾಡುವುದು ಲೇಸು.

ದಕ್ಷಿಣ ಕನ್ನಡ, ಉಡುಪಿಯ ಹಳ್ಳಿಗಳಲ್ಲಿ ಬೀಡಿ ಕಟ್ಟುವವರು ಹೆಚ್ಚಾಗಿ ಹೆಂಗಸರು; ಕಟ್ಟುವುದು ಮನೆಯ ಜಗಲಿಯಲ್ಲಿ. ಎಲೆ, ಹೊಗೆಸೊಪ್ಪು, ದಾರ ಗುತ್ತಿಗೆದಾರನ ಮೂಲಕ ಬರುತ್ತವೆ, ಕಟ್ಟಿದ ಬೀಡಿ ಕಂಪನಿಯ ಬ್ರಾಂಚಿಗೆ ಹೋಗುತ್ತದೆ, ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ ಸಿಗುತ್ತದೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಕಚ್ಚಾವಸ್ತು ಪಡೆದು ಮನೆಯಲ್ಲೇ ಕಟ್ಟುವವರನ್ನೂ ನೌಕರರೆಂದು ಪರಿಗಣಿಸಿತು. ಇದನ್ನು ಪ್ರಶ್ನಿಸಿ ಮಂಗಳೂರಿನಿಂದಲೇ ಹೋದ ಪ್ರಕರಣದಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. 1976ರಲ್ಲಿ ಬೀಡಿಯ ಮೇಲಿನ ಸೆಸ್ಸಿನಿಂದ ಕಲ್ಯಾಣ ನಿಧಿ ಬಂತು, ಗುರುತಿನ ಚೀಟಿ ಬಂತು, ಬೀಡಿ ಕಾರ್ಮಿಕರ ಔಷಧಾಲಯಗಳು ಬಂದವು. 2017ರಲ್ಲಿ ಜಿಎಸ್‌ಟಿ ಜಾರಿಯಾದಾಗ ಆ ಸೆಸ್ಸು ನಿಂತಿತು.

ಹೀಗೆ ಕಾನೂನಿನ ಕಣ್ಣಿಗೆ ಅರ್ಧ ಶತಮಾನದಿಂದ ಕಾರ್ಮಿಕಳಾದವಳನ್ನು ಆಸ್ಪತ್ರೆಯ ಚೀಟಿಯಲ್ಲಿ ‘ಗೃಹಿಣಿ’ ಎಂದು ಬರೆಯುವುದುಂಟು. ಕಾರ್ಖಾನೆ ಕಾಯ್ದೆಯ ಮೂರನೆಯ ಅನುಸೂಚಿ 29 ಔದ್ಯೋಗಿಕ ರೋಗಗಳನ್ನು ಪಟ್ಟಿ ಮಾಡಿ ವ್ಯವಸ್ಥಾಪಕ ಮತ್ತು ವೈದ್ಯನ ಮೇಲೆ ವರದಿ ಮಾಡುವ ಹೊಣೆ ಹೊರಿಸಿತು. ಜಗಲಿಗೆ ವ್ಯವಸ್ಥಾಪಕನಿಲ್ಲ, ಕತ್ತು, ಸೊಂಟ, ಮೊಣಕಾಲಿನ ನೋವಂತೂ ಆ ಪಟ್ಟಿಯಲ್ಲೇ ಇಲ್ಲ. ಆದ್ದರಿಂದ ಸಂಶೋಧಕ ನೆಚ್ಚಬಹುದಾದ ಸಿದ್ಧ ದಾಖಲೆ ಇಲ್ಲಿ ಬಹಳ ತೆಳು.

ಹಣ ಕೊಡುವವರ ಕಡೆಯೂ ಒಂದು ಬಿರುಕಿದೆ. ವಿ.ಕೆ.ಆರ್.ವಿ. ರಾವ್ ಸಮಿತಿಯ ಶಿಫಾರಸಿನಂತೆ 1969ರಲ್ಲಿ ಹುಟ್ಟಿದ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಪರಿಷತ್ತು ಒಂದು ಬದಿಗೆ. ವೈದ್ಯಕೀಯ ವಿದ್ಯಾರ್ಥಿಗಳಿಗೆ 1979ರಿಂದ ಅಲ್ಪಾವಧಿ ವೇತನ ಕೊಡುತ್ತಿರುವ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐಸಿಎಂಆರ್) ಇನ್ನೊಂದು ಬದಿಗೆ. ಮೊದಲ ಬಾಗಿಲಲ್ಲಿ ಕೂಲಿ, ಗುತ್ತಿಗೆ, ಸಂಘಟನೆಯ ಮಾತು ಒಪ್ಪಿಗೆಯಾಗುತ್ತದೆ. ಎರಡನೆಯದರಲ್ಲಿ ರೋಗದ ಶೇಕಡಾವಾರು ಕೇಳುತ್ತಾರೆ. ಅರ್ಜಿದಾರ ಬಾಗಿಲಿಗೆ ತಕ್ಕಂತೆ ಒಂದೇ ವಿಷಯವನ್ನು ಅರ್ಧ ಮಾಡಿ ಬರೆಯುತ್ತಾನೆ. ಸಾವಿರ ಬೀಡಿಯ ಕೂಲಿದರಕ್ಕೂ ಬೆನ್ನು ಬಗ್ಗಿಸಿ ಕೂರುವ ಗಂಟೆಗಳಿಗೂ ನೇರ ಸಂಬಂಧವಿದೆ ಎಂಬ ಮಾತು ಎರಡೂ ಅರ್ಧಗಳಿಂದ ಜಾರಿಹೋಗುತ್ತದೆ.

ಇನ್ನು ಅಳತೆ. ಬೀಡಿ ಕಟ್ಟುವವರ ಬಳಿ ದಿನದ ಲೆಕ್ಕ ಬರೆಯುವ ಪುಸ್ತಕ ಇರುತ್ತದೆ: ಪಡೆದ ಎಲೆ, ಹೊಗೆಸೊಪ್ಪು, ಒಪ್ಪಿಸಿದ ಬೀಡಿ, ತಿರಸ್ಕರಿಸಿದ್ದು. ಅಸಂಘಟಿತ ವಲಯದಲ್ಲಿ ದಿನದಿನದ ದುಡಿಮೆಯ ಇಂಥ ಬರಹದ ದಾಖಲೆ ಅಪರೂಪ, ಸಂಶೋಧಕನಿಗೆ ಇದು ಸಿಕ್ಕ ನಿಧಿಯೇ. ಆದರೆ ಪುಸ್ತಕದ ಸಂಖ್ಯೆಯನ್ನು ಹಾಗೇ ಒಬ್ಬಳ ದುಡಿಮೆಯೆಂದು ತೆಗೆದುಕೊಳ್ಳುವಂತಿಲ್ಲ. ಹೆಸರು ಅತ್ತೆಯದು, ಕಟ್ಟುವವಳು ಸೊಸೆ. ಎಲೆ ಕತ್ತರಿಸುವುದು ಒಬ್ಬರು, ತುದಿ ಮಡಚುವುದು ಶಾಲೆಯಿಂದ ಬಂದ ಹುಡುಗಿ. ಬೀಡಿ ಕಟ್ಟುವುದೆಂದರೆ ಒಂದೇ ಕೆಲಸವೂ ಅಲ್ಲ. ಎಲೆ ನೆನೆಸಬೇಕು, ಅಳತೆಗೆ ಕತ್ತರಿಸಬೇಕು, ಮಡಿಲಲ್ಲಿ ಮೊರ (ತುಳುವರ ತಡ್ಪೆ) ಇಟ್ಟುಕೊಂಡು ಹೊಗೆಸೊಪ್ಪು ತುಂಬಿ ಸುತ್ತಬೇಕು, ದಾರ ಹಾಕಬೇಕು, ತುದಿ ಮಡಚಬೇಕು, ಕಟ್ಟು ಕಟ್ಟಿ ಬ್ರಾಂಚಿಗೆ ಹೊರಬೇಕು. ಕತ್ತರಿ ಹಿಡಿದ ಹೆಬ್ಬೆರಳಿನ ಶ್ರಮ ಬೇರೆ, ಬಗ್ಗಿದ ಕತ್ತಿನದು ಬೇರೆ, ದೂಳು ಏಳುವ ಗಳಿಗೆ ಮತ್ತೂ ಬೇರೆ. ಪುಸ್ತಕದ ಮೊತ್ತವನ್ನು ಮನೆಯ ಕೈಗಳಿಗೆ ಹಂಚಿ, ಹಂತವಾರು ಸಮಯ ಗುರುತಿಸುವ ಒಂದು ಪಟ್ಟಿಯನ್ನು ಕೆಲವೇ ಮನೆಗಳಲ್ಲಿ ಚೊಕ್ಕವಾಗಿ ತಯಾರಿಸಿದರೂ ಸಣ್ಣ ಅನುದಾನ ಸಾರ್ಥಕ. ಮುಂದೆ ದೊಡ್ಡ ಅಧ್ಯಯನ ಮಾಡುವವರಿಗೆ ಬೇಕಾಗುವುದು ಇದೇ.

ರೋಗದ ಎಣಿಕೆಯಿಂದ ಶುರುಮಾಡಿದರೆ ಎದುರಾಗುವ ತೊಡಕು ಸೂಕ್ಷ್ಮವಾದದ್ದು. ಕಾರ್ಖಾನೆಗಳ ಅಧ್ಯಯನದಲ್ಲಿ ಕಾಯಿಲೆ ಬಿದ್ದವರು ಕೆಲಸ ಬಿಟ್ಟಿರುತ್ತಾರೆ, ಉಳಿದವರು ಗಟ್ಟಿಗರು. ಹಾಗಾಗಿ ಹಾನಿ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಮನೆಯ ಬೀಡಿಯಲ್ಲಿ ಪ್ರವಾಹ ತಿರುಗುಮುರುಗಾಗುವ ಸಾಧ್ಯತೆ ಇದೆ. ಗದ್ದೆಯಲ್ಲಿ ಬಗ್ಗಲಾಗದವಳು, ಗೇರುಬೀಜದ ಕಾರ್ಖಾನೆಗೆ ಹೋಗಿಬರಲಾಗದವಳು ಕೂತು ಮಾಡುವ ಬೀಡಿಗೆ ಬರುತ್ತಾಳೆ. ಅವಳ ಮೊಣಕಾಲು ನೋವು ಬೀಡಿಯ ಫಲವೋ, ಬೀಡಿಗೆ ಬರಲು ಕಾರಣವೋ? ಒಂದೇ ಸಲದ ಸಮೀಕ್ಷೆ ಇದಕ್ಕೆ ಉತ್ತರ ಹೇಳಲಾರದು. ನೋವು ಮೊದಲೋ ಬೀಡಿ ಮೊದಲೋ ಎಂದು ಕೇಳುವ ಕೆಲಸದ ಚರಿತ್ರೆ ಪ್ರಶ್ನಾವಳಿಯ ಮೊದಲ ಪುಟದಲ್ಲೇ ಇರಬೇಕು. ಹೋಲಿಕೆಗೆ ಅದೇ ಮನೆಯ ಬೀಡಿ ಕಟ್ಟದ ಹೆಂಗಸನ್ನು ಆರಿಸಿದರೆ ಅವಳೂ ಅದೇ ದೂಳನ್ನು ಉಸಿರಾಡಿರುತ್ತಾಳೆ. ಗೇರುಬೀಜ ಸುಲಿಯುವವಳಿಗೆ ಚಿಪ್ಪಿನ ಎಣ್ಣೆಯ ತೊಂದರೆ ಬೇರೆಯೇ ಇದೆ. ಸರಿಯಾದ ಹೋಲಿಕೆ ಗುಂಪು ಸಿಗುವುದು ಕಷ್ಟವೆಂದು ಅರ್ಜಿಯಲ್ಲೇ ಒಪ್ಪಿಕೊಂಡರೆ ನಷ್ಟವೇನಿಲ್ಲ.

ಅರ್ಜಿಗಳಲ್ಲಿ 384 ಎಂಬ ಸಂಖ್ಯೆ ಮಂತ್ರದಂತೆ ಮರುಕಳಿಸುತ್ತದೆ. ಅರ್ಧದಷ್ಟು ಜನರಿಗೆ ತೊಂದರೆ ಇದೆಯೆಂದು ಊಹಿಸಿ, ಶೇ. 95ರ ವಿಶ್ವಾಸ ಮಟ್ಟದಲ್ಲಿ ಐದಂಶ ಆಚೀಚಿನ ನಿಖರತೆ ಬೇಕೆಂದರೆ ಬರುವ ಮಾದರಿ ಗಾತ್ರ ಅದು. ಹತ್ತಂಶ ಸಾಕೆಂದರೆ 96 ಆಗುತ್ತದೆ. ಬ್ರಾಂಚುವಾರು ಗುಂಪುಗಳಿಂದ ಆರಿಸಿದ್ದಕ್ಕೆ ಇಮ್ಮಡಿ ಮಾಡಿದರೆ 192. ತರಬೇತಾದ ಇಬ್ಬರು 192 ಮಂದಿಯನ್ನು ನೋಡಿ ತರುವ ಮಾಹಿತಿ, ಅವಸರದಲ್ಲಿ ತುಂಬಿದ 384 ನಮೂನೆಗಳಿಗಿಂತ ಮೇಲೆಂಬುದು ನನ್ನ ಖಚಿತ ಅಭಿಪ್ರಾಯ. ನೋವಿಗೆ 1987ರ ನಾರ್ಡಿಕ್ ಪ್ರಶ್ನಾವಳಿ ಸಾಕು. ದೇಹದ ಒಂಬತ್ತು ಭಾಗಗಳನ್ನು ಚಿತ್ರದಲ್ಲಿ ತೋರಿಸಿ ಹಿಂದಿನ 12 ತಿಂಗಳು ಮತ್ತು 7 ದಿನಗಳ ತೊಂದರೆಯನ್ನು ಅದು ಕೇಳುತ್ತದೆ. ಮೂತ್ರದಲ್ಲಿ ಕೋಟಿನಿನ್ ಪರೀಕ್ಷೆ ಸೇರಿಸಿದರೆ ಅರ್ಜಿಗೆ ವಿಜ್ಞಾನದ ಕಳೆ ಬರುತ್ತದೆ ನಿಜ. ಆದರೆ ನಿಕೋಟಿನಿನ ಈ ಉಳಿಕೆ ದೇಹದಲ್ಲಿ ಕೆಲವೇ ದಿನ ನಿಲ್ಲುವಂಥದ್ದು. ಇಪ್ಪತ್ತು ವರ್ಷದ ದುಡಿಮೆಯನ್ನು ಅದು ಹೇಳದು. ಎಲೆಅಡಿಕೆಯ ಜತೆ ಹೊಗೆಸೊಪ್ಪು ಹಾಕುವ ಅಭ್ಯಾಸವಿರುವ ಕಡೆ ಅದನ್ನು ಕೇಳದೆ ಮಾಡಿದ ಪರೀಕ್ಷೆ ಬರೀ ಖರ್ಚು.

ನೈತಿಕ ಸಮಿತಿಯ ಮುಂದೆ ಬರುವ ಪ್ರಶ್ನೆಗಳಲ್ಲಿ ಎರಡು ಈ ಕಸುಬಿಗೇ ವಿಶಿಷ್ಟ. ಮೊದಲನೆಯದು ಒಪ್ಪಿಗೆ. ಮನೆಗಳ ಪಟ್ಟಿ ಗುತ್ತಿಗೆದಾರನಿಂದ ಪಡೆದರೆ, ಭಾಗವಹಿಸದಿದ್ದರೆ ನಾಳೆ ಎಲೆ ಕಡಿಮೆಯಾದೀತೆಂಬ ಅಂಜಿಕೆ ಒಪ್ಪಿಗೆಯಲ್ಲಿ ಸೇರಿಕೊಳ್ಳುತ್ತದೆ. ಕಾರ್ಮಿಕ ಸಂಘ ಅಥವಾ ಆಶಾ ಕಾರ್ಯಕರ್ತೆಯ ಮೂಲಕ ಹೋಗುವುದು ಮೇಲು, ಅವರಿಗೂ ಅವರದೇ ಒಲವುಗಳಿದ್ದರೂ. ಒಪ್ಪಿಗೆ ಪತ್ರ ಕನ್ನಡದಲ್ಲಿದ್ದರೂ ಮಾತುಕತೆ ತುಳುವಿನಲ್ಲೋ ಬ್ಯಾರಿಯಲ್ಲೋ ನಡೆಯಬೇಕಾಗುತ್ತದೆ. ಆ ಭಾಷೆ ಬಲ್ಲವರನ್ನು ನೇಮಿಸುವ ಖರ್ಚನ್ನು ಮೊದಲೇ ತೋರಿಸಬೇಕು. ಮಗು ಬೀಡಿ ಕಟ್ಟುವುದು ಕಂಡರೆ ಏನು ಮಾಡುತ್ತೀರಿ ಎಂಬುದಕ್ಕೂ ಬರೆದಿಟ್ಟ ಉತ್ತರ ಬೇಕು.

ಎರಡನೆಯದು ಸಮಯದ ಬೆಲೆ. ಸಾವಿರದ ಲೆಕ್ಕದಲ್ಲಿ ಕೂಲಿ ಪಡೆಯುವವಳ ಮುಂದೆ ಮುಕ್ಕಾಲು ಗಂಟೆ ಕೂತರೆ ಅಷ್ಟು ಬೀಡಿ ಕಡಿಮೆಯಾಯಿತು, ಅಷ್ಟು ಕೂಲಿ ಹೋಯಿತು. ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ ಕಳೆದ ಕೂಲಿಯನ್ನು ತುಂಬಿಕೊಡಲು ಅವಕಾಶ ಕೊಟ್ಟಿದೆ. ಆದರೂ ಆಯವ್ಯಯ ಪಟ್ಟಿಯಲ್ಲಿ ಲ್ಯಾಪ್‌ಟಾಪಿಗೆ ಸಿಗುವ ಸಾಲು ಇದಕ್ಕೆ ಸಿಗುವುದು ಕಡಿಮೆ. ಅದಕ್ಕೆ ಪ್ರತ್ಯೇಕ ಸಾಲು, ಕಾರ್ಮಿಕರ ಸಹಿಯುಳ್ಳ ಸರಳ ರಸೀದಿ, ಆಯಾ ವರ್ಷದ ಕೂಲಿದರಕ್ಕೆ ಹೊಂದಿಸಿದ ಲೆಕ್ಕ, ಇಷ್ಟು ಇದ್ದರೆ ಬಳಕೆ ಪ್ರಮಾಣಪತ್ರ ಬರೆಯುವಾಗ ಲೆಕ್ಕಪರಿಶೋಧಕರ ತಕರಾರೂ ಬರದು.