ಮಸೆದದ್ದು ಮನೆಯಲ್ಲಿ, ಹಣಿದದ್ದು ಕುಲುಮೆಯಲ್ಲಿ

ಪತ್ರಿಕೆಗಳ ಕ್ರೀಡಾಪುಟದಲ್ಲಿ ‘ಹಣಿ’ ಎಂಬ ಮಾತು ಆಗಾಗ ಕಣ್ಣಿಗೆ ಬೀಳುತ್ತದೆ. ಒಂದು ತಂಡ ಮತ್ತೊಂದನ್ನು ಹಣಿಯಿತು ಎಂದರೆ ಚೆನ್ನಾಗಿಯೇ ಬಗ್ಗುಬಡಿಯಿತು ಎಂದು ಅರ್ಥ. ಧಾರವಾಡ, ಗದಗ, ಹಾವೇರಿ ಸೀಮೆಯ ಹಿರಿಯ ರೈತರಿಗೆ ಮಾತ್ರ ಈ ಮಾತಿನ ಹಿಂದೆ ಬೇರೆಯೇ ಸದ್ದು ಕೇಳುತ್ತದೆ. ಸವೆದು ಮೊಂಡಾದ ಕುಂಟೆಯ ಕುಡವನ್ನೋ ನೇಗಿಲ ಕುಳವನ್ನೋ ಹೆಗಲ ಮೇಲಿಟ್ಟುಕೊಂಡು ಕಮ್ಮಾರನ ಮನೆಗೆ ಹೊರಟವನು ಅದನ್ನು ಹಣಿಸಲು ಹೊರಟಿರುತ್ತಿದ್ದ. ಕೆಂಪಗೆ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು, ಬಡಿದು ಬಡಿದು ಅಂಚನ್ನು ತೆಳುವಾಗಿಸುವ ಕೆಲಸಕ್ಕೆ ಆ ಹೆಸರು.

ಹರಿತ ಮಾಡುವುದು ಎಂಬ ಒಂದು ಕೆಲಸಕ್ಕೆ ಕನ್ನಡದಲ್ಲಿ ಹಲವು ಮಾತುಗಳಿವೆ. ಒಂದರ ಜಾಗದಲ್ಲಿ ಇನ್ನೊಂದು ಸಲ್ಲದು. ಕಲ್ಲಿಗೆ ಉಜ್ಜಿದರೆ ಮಸೆಯುವುದು. ತಿರುಗುವ ಚಕ್ರಕ್ಕೆ ಒಡ್ಡಿದರೆ ಸಾಣೆ ಹಿಡಿಯುವುದು. ಒರಟು ಮೈಯ ಉಕ್ಕಿನ ಪಟ್ಟಿಯಿಂದ ಉಜ್ಜಿದರೆ ಅರ ಹಾಕುವುದು. ಕುಡುಗೋಲಿನ ಬಾಯಿಗೆ ಗೀರು ಕೊರೆದರೆ ಕಕ್ಕು ಹಾಕುವುದು. ಸುತ್ತಿಗೆಯಿಂದ ಬಡಿದರೆ ಹಣಿಯುವುದು. ಮಸೆ, ಸಾಣೆ, ಅರ ಮೂರೂ ಲೋಹವನ್ನು ತಿನ್ನುತ್ತವೆ; ಪ್ರತಿ ಸಲವೂ ಅಲಗು ಒಂದಿಷ್ಟು ಕಿರಿದಾಗುತ್ತದೆ. ಹಣಿದಾಗ ಹಾಗಾಗದು. ದಪ್ಪಗಿರುವ ಕಡೆಯಿಂದ ಲೋಹ ಅಂಚಿನತ್ತ ಸರಿದು, ಸವೆದ ಬಾಯಿ ಮತ್ತೆ ಬೆಳೆಯುತ್ತದೆ. ಕಬ್ಬಿಣ ದುಬಾರಿಯಾಗಿದ್ದ ಕಾಲದಲ್ಲಿ ಈ ವ್ಯತ್ಯಾಸ ಸಣ್ಣದಾಗಿರಲಿಲ್ಲ. ಕಲ್ಲು ರೈತನ ಹಿತ್ತಿಲಲ್ಲೇ ಇತ್ತು. ಬೆಂಕಿ, ಸುತ್ತಿಗೆ, ಹದ ಬಲ್ಲ ಕಣ್ಣು ಬೇಕೆಂದರೆ ಕುಲುಮೆಗೇ ಹೋಗಬೇಕು. ಊರಿಗೊಂದು ಕುಲುಮೆ ನಿಂತದ್ದೂ, ಅದರ ಸುತ್ತ ಕಾಳಿನ ಲೆಕ್ಕವೊಂದು ಬೆಳೆದದ್ದೂ ಬಹುಮಟ್ಟಿಗೆ ಈ ಕಾರಣಕ್ಕೆ.

ಈ ನೆಲದಲ್ಲಿ ಕಬ್ಬಿಣದ ಬಳಕೆ ಬಹಳ ಹಳೆಯದು. ಹಾವೇರಿ ಜಿಲ್ಲೆಯ ಹಳ್ಳೂರಿನ ಉತ್ಖನನದಲ್ಲಿ ಸಿಕ್ಕ ಕಬ್ಬಿಣದ ವಸ್ತುಗಳ ಕಾಲ ಕ್ರಿ.ಪೂ. 1000ದ ಆಸುಪಾಸಿಗೆ ಹೋಗುತ್ತದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಬೃಹತ್ ಶಿಲಾ ಸಮಾಧಿಗಳಲ್ಲಿ ಭರ್ಜಿ, ಕೊಡಲಿಗಳ ಜೊತೆಗೆ ಕುಡುಗೋಲುಗಳೂ ಹೊರಬಂದವು. ಸತ್ತವರ ಜೊತೆ ಹೂಳುವಷ್ಟು ಕುಡುಗೋಲು ಬೆಲೆಯುಳ್ಳದ್ದಾಗಿತ್ತು. ಕಬ್ಬಿಣವೆಂಬ ಹೆಸರೇ ‘ಕರ್’ ಮತ್ತು ‘ಪೊನ್’ ಸೇರಿ ಆದದ್ದು: ಕಪ್ಪು ಹೊನ್ನು.

ಆ ಕಪ್ಪು ಹೊನ್ನು ಹಳ್ಳಿಗಳಲ್ಲಿ ಹೇಗೆ ಹುಟ್ಟುತ್ತಿತ್ತು ಎಂಬುದನ್ನು ಕಣ್ಣಾರೆ ಕಂಡು ಬರೆದವನು ಫ್ರಾನ್ಸಿಸ್ ಬುಕಾನನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ಈ ವೈದ್ಯ ಕಂಡದ್ದನ್ನೆಲ್ಲ ಗುರುತು ಹಾಕಿಕೊಂಡ. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಮಧುಗಿರಿ, ಚನ್ನರಾಯದುರ್ಗ, ಮಾಗಡಿಯ ಕಡೆ ಮಳೆಗಾಲದ ಹಳ್ಳಗಳು ಬೆಟ್ಟದಿಂದ ಕಪ್ಪು ಮರಳನ್ನು ಹೊತ್ತು ತರುತ್ತಿದ್ದವು. ಅದನ್ನು ತೊಳೆದು, ಇದ್ದಿಲಿನ ಜೊತೆ ಮಣ್ಣಿನ ಒಲೆಗೆ ಸುರಿದು, ತೊಗಲಿನ ತಿದಿ ಒತ್ತಿ ಕಬ್ಬಿಣ ತೆಗೆಯುತ್ತಿದ್ದರು. ಹಾಗೆ ಬಂದ ಮುದ್ದೆ ಮೆದು ಕಬ್ಬಿಣ. ಉಕ್ಕು ಬೇಕಾದವರು ಅದರ ತುಂಡುಗಳನ್ನು ತಂಗಡಿ ಕಡ್ಡಿಯ ಜೊತೆ ಸಣ್ಣ ಮಣ್ಣಿನ ಮೂಸೆಗಳಲ್ಲಿ ಮುಚ್ಚಿ ಕರಗಿಸುತ್ತಿದ್ದರು. ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ 1795ರಲ್ಲಿ ಜಾರ್ಜ್ ಪಿಯರ್ಸನ್ ‘ವೂಟ್ಜ್’ ಎಂಬ ಹೆಸರಿನ ಭಾರತದ ಉಕ್ಕಿನ ಬಗ್ಗೆ ಪ್ರಬಂಧ ಓದಿದ. ಆ ಹೆಸರು ‘ಉಕ್ಕು’ ಎಂಬುದರ ತಿರುಚಿದ ರೂಪ ಎಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪುತ್ತಾರೆ.

ಊರ ಕಮ್ಮಾರನಿಗೆ ಉಕ್ಕು ಚಿಟಿಕೆ ಉಪ್ಪಿನಂತೆ. ಇಡೀ ಕೊಡಲಿಯನ್ನು ಅದರಲ್ಲೇ ಮಾಡುವಷ್ಟು ಅದು ಅಗ್ಗವಲ್ಲ; ಮಾಡಿದರೂ ಪೆಟ್ಟಿಗೆ ಸೀಳೀತು. ಅದಕ್ಕೇ ಮೈಯೆಲ್ಲ ಮೆದು ಕಬ್ಬಿಣ ಇಟ್ಟು, ಬಾಯಿಗಷ್ಟೇ ಉಕ್ಕಿನ ಚೂರನ್ನು ಕಾಸಿ ಬೆಸೆಯುತ್ತಿದ್ದರು. ಬಾಯಿ ಸವೆದು ಮೆದು ಕಬ್ಬಿಣ ಕಂಡಾಗ ‘ಉಕ್ಕು ಹಾಕಿಸುವ’ ಕಾಲ ಬಂತು ಎಂದು ಲೆಕ್ಕ.

ಕುಲುಮೆಯ ಸಾಮಾನು ಎಣಿಸಿದರೆ ಎರಡು ಕೈಯ ಬೆರಳು ಸಾಕು. ಬೆಂಕಿಯ ಗುಂಡಿ, ಗಾಳಿ ಊದುವ ತಿದಿ, ನೆಲದಲ್ಲಿ ಹೂತ ಮರದ ದಿಮ್ಮಿಗೆ ನಾಟಿದ ಅಡಿಗಲ್ಲು. ಅದು ಕಬ್ಬಿಣದ ಗಟ್ಟಿಯೇ ಆದರೂ ಹೆಸರಿನಲ್ಲಿ ಕಲ್ಲು ಉಳಿದುಕೊಂಡಿದೆ. ಕಾದದ್ದನ್ನು ಹಿಡಿಯಲು ಇಕ್ಕಳ, ಕೂತವನ ಕೈಗೆ ಸುತ್ತಿಗೆ, ಎದುರು ನಿಂತವನ ಕೈಗೆ ಚಮ್ಮಟಿಗೆ. ಕಡಿಯಲು ಉಳಿ, ತಿದ್ದಲು ಅರ, ಪಕ್ಕದಲ್ಲಿ ನೀರು ತುಂಬಿದ ಕಲ್ಲುಬಾನಿ. ಸೂರು ತಗ್ಗು, ಒಳಗೆ ಅರೆಗತ್ತಲು. ಕಾದ ಕಬ್ಬಿಣದ ಬಣ್ಣ ನೋಡಿಯೇ ಕೆಲಸ ಮಾಡಬೇಕಾದವನಿಗೆ ಬಿಸಿಲೇ ಶತ್ರು. ನಡುಹಗಲ ಬೆಳಕಿನಲ್ಲಿ ಕೆಂಪು ಯಾವುದು, ಕಿತ್ತಳೆ ಯಾವುದು ಎಂದು ತಿಳಿಯುವುದಿಲ್ಲ.

ಕುಳ ಹಣಿಯುವಾಗ ಕೂತ ಕಮ್ಮಾರ ಎಡಗೈಯ ಇಕ್ಕಳದಿಂದ ಅದನ್ನು ತಿರುಗಿಸುತ್ತ, ಬಲಗೈಯ ಸಣ್ಣ ಸುತ್ತಿಗೆಯಿಂದ ಪೆಟ್ಟು ಬೀಳಬೇಕಾದ ಜಾಗವನ್ನು ತೋರಿಸುತ್ತಾನೆ. ಅದೇ ಜಾಗಕ್ಕೆ ಚಮ್ಮಟಿಗೆ ಬೀಳುತ್ತದೆ. ಮಾತಿಲ್ಲದ ಈ ಸಂಭಾಷಣೆಗೆ ಸದ್ದೇ ಭಾಷೆ. ಸುತ್ತಿಗೆ ಅಡಿಗಲ್ಲಿನ ಬರಿ ಮೈಗೆ ತಾಗಿ ‘ಠಣ್’ ಎಂದರೆ ಎದುರಿನವನು ಕೈ ತಡೆಯಬೇಕು. ಕಿತ್ತಳೆ ಬಣ್ಣ ಇಳಿದು ಮಂಕು ಕೆಂಪಾದ ಮೇಲೂ ಬಡಿದರೆ ಅಂಚು ಬಿರಿಯುತ್ತದೆ. ಆಗ ಮತ್ತೆ ಬೆಂಕಿಗೆ.

ಬಡಿಯುವುದಕ್ಕಿಂತ ನಾಜೂಕಿನ ಕೆಲಸ ಹದ. ಬಾಯಿಯನ್ನು ಸುಮಾರು 800 ಡಿಗ್ರಿಯ ಕೆಂಪಿಗೆ ಕಾಸಿ, ತುದಿಯನ್ನಷ್ಟೇ ಬಾನಿಗೆ ಅದ್ದುತ್ತಾರೆ. ಉಕ್ಕು ಗಾಜಿನಂತೆ ಗಡುಸಾಗುತ್ತದೆ, ಜೊತೆಗೆ ಗಾಜಿನಂತೆಯೇ ಒಡೆಯುವ ಗುಣವೂ ಬರುತ್ತದೆ. ಹಾಗಾಗಿ ಹೊರಗೆ ತೆಗೆದು ಕಲ್ಲಿಗೆ ಒಮ್ಮೆ ಉಜ್ಜಿ ಮಿಂಚಿಸಿ ಕಾಯುತ್ತಾರೆ. ಹಿಂಬದಿಯಲ್ಲಿ ಉಳಿದ ಶಾಖ ಅಂಚಿನತ್ತ ಹರಿದುಬರುವಾಗ ಮಿಂಚಿದ ಜಾಗದಲ್ಲಿ ಬಣ್ಣಗಳು ಓಡುತ್ತವೆ: 230 ಡಿಗ್ರಿಯ ಆಸುಪಾಸಿನಲ್ಲಿ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, 300ರ ಹೊತ್ತಿಗೆ ನೀಲಿ. ಕೊಡಲಿಗೆ ಯಾವ ಬಣ್ಣ, ಕತ್ತಿಗೆ ಯಾವ ಬಣ್ಣ ಎಂಬುದು ಕಮ್ಮಾರನ ಕಣ್ಣಿಗೆ ಗೊತ್ತು. ಬೇಕಾದ ಬಣ್ಣ ಅಂಚು ಮುಟ್ಟಿದ ಕ್ಷಣಕ್ಕೆ ಮತ್ತೆ ನೀರು. ಥರ್ಮಾಮೀಟರ್ ಇಲ್ಲದ ಕುಲುಮೆಗೆ ಬಣ್ಣವೇ ಅಳತೆಗೋಲು.

ಕುಡುಗೋಲಿಗೆ ಇದರ ಜೊತೆ ಇನ್ನೊಂದು ಕೆಲಸವಿದೆ. ರಾಗಿ, ಭತ್ತ ಕೊಯ್ಯುವ ಕುಡುಗೋಲಿನ ಬಾಯಿ ನುಣುಪಾಗಿದ್ದರೆ ಒಣಗಿದ ದಂಟು ಜಾರುತ್ತದೆ. ಹಾಗಾಗಿ ಅಂಚನ್ನು ತೆಳುವಾಗಿ ಹಣಿದು, ಹದ ಹಾಕುವ ಮುಂಚೆ, ಅದಿನ್ನೂ ಮೆದುವಾಗಿರುವಾಗಲೇ ಸಣ್ಣ ಉಳಿಯಿಂದ ಒತ್ತೊತ್ತಾಗಿ ಗೀರು ಕೊರೆಯುತ್ತಾರೆ. ಗೀರುಗಳು ಹಿಡಿಯ ಕಡೆಗೆ ಓರೆಯಾಗಿರುತ್ತವೆ. ಎಳೆದಾಗ ಮಾತ್ರ ಕಚ್ಚುತ್ತವೆ. ಇದೇ ಕಕ್ಕು. ಒಂದು ಸುಗ್ಗಿಯಲ್ಲಿ ಅದು ಸವೆದರೆ ಮನೆಯ ಕಲ್ಲಿಗೆ ಮಸೆದು ಸರಿಪಡಿಸಲಾಗದು, ಮಸೆದರೆ ಉಳಿದ ಹಲ್ಲೂ ಅಳಿಸಿಹೋಗುತ್ತದೆ. ಅದು ಮತ್ತೆ ಬೆಂಕಿ ಕಾಣಬೇಕು.

ಮಸೆಯುವುದು ಸಲ್ಲುವುದು ಸೊಪ್ಪು ಸವರುವ, ಕಟ್ಟಿಗೆ ಕಡಿಯುವ, ಅಡಿಕೆ ಸುಲಿಯುವ ನುಣುಪು ಬಾಯಿಯ ಕತ್ತಿಗಳಿಗೆ. ಬಚ್ಚಲ ಮಗ್ಗುಲಲ್ಲಿ ನಡು ತಗ್ಗಾಗಿ ಸವೆದ ಮಸೆಗಲ್ಲೊಂದು ಬಿದ್ದಿರುತ್ತಿತ್ತು. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮರದ ತುಂಡಿನ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಅದಕ್ಕೆ ಕತ್ತಿ ತೀಡುವುದೂ ಉಂಟು. ಸಾಣೆಯದು ಇವೆರಡಕ್ಕೂ ಹೊರತಾದ ಲೋಕ. ಕುರುಂದದ ಪುಡಿಯನ್ನು ಕರಗಿದ ಅರಗಿನಲ್ಲಿ ಕಲಸಿ ಮಾಡಿದ ಚಕ್ರವನ್ನು ಒಬ್ಬ ಬಾರಿನಿಂದ ಹಿಂದಕ್ಕೂ ಮುಂದಕ್ಕೂ ಎಳೆದು ತಿರುಗಿಸಿದರೆ ಇನ್ನೊಬ್ಬ ಅಲಗು ಒಡ್ಡುತ್ತಿದ್ದ. ಗಡಸುತನದಲ್ಲಿ ವಜ್ರಕ್ಕೆ 10 ಅಂಕವಾದರೆ ಕುರುಂದಕ್ಕೆ 9. ಇಂಗ್ಲಿಷಿನ ‘ಕೊರಂಡಮ್’ ಹುಟ್ಟಿದ್ದೇ ದಕ್ಷಿಣದ ಈ ಹೆಸರಿನಿಂದ. ಸಾಣೆಯ ಹರಿತ ಖಡ್ಗಕ್ಕೂ ಕ್ಷೌರದ ಕತ್ತಿಗೂ ಸರಿ, ಮಣ್ಣಿಗಿಳಿಯುವ ಕುಳಕ್ಕೆ ಅದು ವ್ಯರ್ಥ.

ಯುರೋಪಿನ ಆಲ್ಪ್ಸ್ ಸೀಮೆಯಲ್ಲಿ ಹುಲ್ಲು ಕೊಯ್ಯುವ ಉದ್ದನೆಯ ಅಲಗನ್ನೂ ನಮ್ಮ ಕುಳದ ಹಾಗೆ ಬಡಿದೇ ತೆಳುವಾಗಿಸುತ್ತಾರೆ. ಅಲ್ಲಿ ಬೆಂಕಿ ಬೇಡ. ಮರದ ಕೊರಡಿಗೆ ಅಂಗೈಯಗಲದ ಅಡಿಗಲ್ಲು ನೆಟ್ಟು, ರೈತನೇ ಕೂತು ತಣ್ಣಗೆ ಬಡಿದುಕೊಳ್ಳುತ್ತಾನೆ. ಹುಲ್ಲಿನ ಅಲಗು ತೆಳು, ಅದಕ್ಕೆ ಅಷ್ಟು ಸಾಕು. ಕಲ್ಲುನೆಲದಲ್ಲಿ ಉಜ್ಜಿ ಮೊಂಡಾದ ಗಟ್ಟಿ ಕುಳ ಕಾಯದೆ ಬಾಗದು.

ಹೀಗೆ ವರ್ಷಕ್ಕೆ ಹತ್ತಾರು ಸಲ ಕುಲುಮೆ ಕಟ್ಟೆ ಹತ್ತಬೇಕಾದ ರೈತ ಪ್ರತಿ ಸಲವೂ ದುಡ್ಡು ಎಣಿಸುತ್ತಿರಲಿಲ್ಲ. ಬಡಗಿ, ಅಗಸ, ಕುಂಬಾರರಂತೆ ಕಮ್ಮಾರನೂ ಊರಿನ ಆಯಗಾರ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಅವನ ಪಾಲು ಹೋಗುತ್ತಿತ್ತು. ಮನೆಯಲ್ಲಿ ಎಷ್ಟು ನೇಗಿಲು ಎಂಬುದರ ಮೇಲೆ ಕಾಳಿನ ಅಳತೆ. ಹಣಿಯುವುದು, ಹದ ಹಾಕುವುದು, ಕಕ್ಕು ಹಾಕುವುದು ಈ ಆಯದೊಳಗೆ ಸೇರಿದ ಕೆಲಸಗಳು. ಹೊಸ ಸಾಮಾನಿಗೆ ಬೇರೆ ಲೆಕ್ಕ. ಕಬ್ಬಿಣ, ಇದ್ದಿಲು ರೈತನೇ ತರಬೇಕು, ತಿದಿ ಎಳೆಯಲೂ ಕೈಜೋಡಿಸಬೇಕು. ರೋಹಿಣಿ ಮಳೆಯ ಹೊತ್ತಿಗೆ ಊರಿನ ಕುಳವೆಲ್ಲ ಕುಲುಮೆಯ ಗೋಡೆಗೆ ಒರಗಿರುತ್ತಿತ್ತು. ಸರದಿಗೆ ಕಾದು ಕೂತವರ ಬಾಯಲ್ಲಿ ಹೆಣ್ಣು-ಗಂಡಿನ ಸಂಬಂಧದಿಂದ ಹಿಡಿದು ಗಡಿತಂಟೆಯವರೆಗೆ ಎಲ್ಲವೂ ಇತ್ಯರ್ಥವಾಗುತ್ತಿದ್ದವು. ಬೇಕಾದ ದಿನ ಕುಳ ಸಿಗದಂತೆ ಸತಾಯಿಸುವ ಶಕ್ತಿ ಕಮ್ಮಾರನಿಗಿತ್ತು, ಮಳೆ ಕೈಕೊಟ್ಟ ವರ್ಷ ಆಯ ಮೊಟಕು ಮಾಡುವ ಶಕ್ತಿ ರೈತನಿಗೂ ಇತ್ತು. ಅಮಾವಾಸ್ಯೆಯಂದು ಅನೇಕ ಊರುಗಳಲ್ಲಿ ಕುಲುಮೆಗೆ ಬೆಂಕಿ ಬೀಳುತ್ತಿರಲಿಲ್ಲ. ಎಂಥ ಅವಸರದವನೂ ಅಂದು ಕಾಯಲೇಬೇಕು.

ಆಯದ ಲೆಕ್ಕಕ್ಕೆ ಸಿಗದ ಕಮ್ಮಾರರೂ ಇದ್ದರು. ಉತ್ತರ ಕರ್ನಾಟಕದ ಊರಾಚೆ ಬೀಡುಬಿಡುತ್ತಿದ್ದ ಅಲೆಮಾರಿ ಘಿಸಾಡಿಗಳು ಗುಜರಾತಿ ಬೆರೆತ ತಮ್ಮದೇ ನುಡಿ ಆಡುವವರು. ನೆಲದಲ್ಲೇ ಗುಂಡಿ ತೋಡಿ ಬೆಂಕಿ ಹೂಡುತ್ತಾರೆ. ಗಂಡ ಇಕ್ಕಳ ಹಿಡಿದು ಕೂತರೆ ಚಮ್ಮಟಿಗೆ ಎತ್ತುವವಳು ಹೆಂಡತಿ. ಅವರ ಹೆಸರನ್ನು ಉಜ್ಜು, ತೀಡು ಎಂಬ ಅರ್ಥದ ‘ಘಿಸ್ನಾ’ದಿಂದ ಬಿಡಿಸುತ್ತಾರೆ. ಉಜ್ಜುವ ಹೆಸರು ಹೊತ್ತು ಬಡಿದೇ ಬದುಕಿದ ಜನ.

ಈ ಏರ್ಪಾಡಿಗೆ ಮೊದಲ ಪೆಟ್ಟು ಬಿದ್ದದ್ದು ಹಡಗಿನಲ್ಲಿ ಬಂದ ಕಬ್ಬಿಣದಿಂದ. 19ನೇ ಶತಮಾನದಲ್ಲಿ ಯುರೋಪಿನ ಅಗ್ಗದ ಪಟ್ಟಿ, ಸರಳುಗಳು ಸಂತೆಗಳನ್ನು ತಲುಪಿದಂತೆ ಕಪ್ಪು ಮರಳಿನ ಒಲೆಗಳು ಒಂದೊಂದಾಗಿ ಆರಿದವು. ಹಣಿಯುವವನಿಗೆ ಇದರಿಂದ ತೊಂದರೆಯಾಗಲಿಲ್ಲ, ಕಚ್ಚಾಸಾಮಾನು ಸಲೀಸಾಯಿತು. ಮುಂದೆ ಲಾರಿಗಳು ಬಂದವು. ಅವುಗಳ ಮುರಿದ ಸ್ಪ್ರಿಂಗ್ ಪಟ್ಟಿಯಲ್ಲಿ ಹದ ಹಿಡಿಯುವಷ್ಟು ಇಂಗಾಲವಿದೆ. ಗುಜರಿಯಿಂದ ತಂದು ಕಡಿದು ಕಾಸಿದರೆ ಇಡೀ ಕತ್ತಿಯೇ ಉಕ್ಕು. ಬಾಯಿಗೆ ಬೇರೆ ಚೂರು ಬೆಸೆಯುವ ಕಷ್ಟ ತಪ್ಪಿತು.

ನಿಜವಾದ ತಿರುವು ಬೆಳಗಾವಿ ಸೀಮೆಯಿಂದ ಬಂತು. ಗುರ್ಲಹೊಸೂರಿನಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಕಬ್ಬಿಣದ ನೇಗಿಲು ತಯಾರಿಸಿದ್ದು 1903ರಲ್ಲಿ. ಕುಳವಷ್ಟೇ ಅಲ್ಲ, ಇಡೀ ನೇಗಿಲೇ ಕಬ್ಬಿಣವಾದರೆ ನೆಲಕ್ಕೆ ವಿಷವೇರುತ್ತದೆ ಎಂಬ ನಂಬಿಕೆಯಿದ್ದ ಕಾಲ ಅದು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. 1910ರಲ್ಲಿ ಕಾರ್ಖಾನೆ ಔಂಧ್ ಸಂಸ್ಥಾನದ ನೆಲಕ್ಕೆ ಹೋಗಿ ಕಿರ್ಲೋಸ್ಕರವಾಡಿಯಾಯಿತು. ಹಿಂಜರಿದಿದ್ದ ರೈತ ಕ್ರಮೇಣ ಒಪ್ಪಿಕೊಂಡ. ಆದರೆ ಎರಕ ಹೊಯ್ದ ಕುಳ ಬಡಿದ ಕುಳದಂತಲ್ಲ. ಸುತ್ತಿಗೆಯ ಪೆಟ್ಟಿಗೆ ಅದು ಹಿಗ್ಗದೆ ಸಿಡಿಯುತ್ತದೆ. ಸವೆದರೆ ಬಿಚ್ಚಿ ಎಸೆದು ಹೊಸದನ್ನು ತಿರುಪು ಹಾಕಿ ಕೂರಿಸುವುದೇ ದಾರಿ. ರೈತನ ಕಾಲು ಕುಲುಮೆಯ ಬದಲು ಪೇಟೆಯ ಅಂಗಡಿಯತ್ತ ತಿರುಗಿತು. ಅಂಗಡಿಯವನು ಕಣದ ಕಾಳಿಗೆ ಕಾಯುವವನಲ್ಲ.

ಟ್ರ್ಯಾಕ್ಟರ್ ಬಂದ ಮೇಲೆ ಕುಳ, ಕುಡಗಳ ಸಂಖ್ಯೆಯೇ ಇಳಿಯಿತು. ಈಗ ಹಳ್ಳಿಯ ವೆಲ್ಡಿಂಗ್ ಅಂಗಡಿಯಲ್ಲಿ ಕತ್ತಿ ಹರಿತವಾಗುವುದು ಗ್ರೈಂಡರಿನ ಚಕ್ರಕ್ಕೆ. ಕಿಡಿ ಹಾರುವ ಆ ಅರೆನಿಮಿಷದಲ್ಲಿ ತೆಳು ಅಂಚು ನೀಲಿಗಟ್ಟುವುದುಂಟು. ಕುಲುಮೆಯಲ್ಲಿ ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಿದ್ದ ಬಣ್ಣಗಳಲ್ಲೇ ಅದೂ ಒಂದು. ಇಲ್ಲಿ ಅದು ಕೇಳದೆ ಬಂದು ಹದವನ್ನು ಕೆಡಿಸುತ್ತದೆ. ಅಂದು ಮಿರಿಮಿರಿ ಮಿಂಚಿದ ಕತ್ತಿ ವಾರದೊಳಗೆ ಮತ್ತೆ ಮೊಂಡು.

ಕೇಂದ್ರ ಸರ್ಕಾರ 2023ರ ಸೆಪ್ಟೆಂಬರ್ 17ರಂದು ಆರಂಭಿಸಿದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳ ಪಟ್ಟಿಯಲ್ಲಿ ಕಮ್ಮಾರಿಕೆಯೂ ಇದೆ. ಸಲಕರಣೆಗೆಂದು 15,000 ರೂಪಾಯಿಯ ನೆರವಿದೆ. ತೊಗಲಿನ ತಿದಿ ಎಂದೋ ಹೋಗಿ, ಕೈಯಲ್ಲಿ ತಿರುಗಿಸುವ ಗಾಳಿಚಕ್ರ, ಆಮೇಲೆ ಕರೆಂಟಿನ ಬ್ಲೋವರ್ ಅದರ ಜಾಗಕ್ಕೆ ಬಂದಿವೆ. ಕಕ್ಕು ಹಾಕುವ ಉಳಿಗೆ ಮಾತ್ರ ಬದಲಿ ಬಂದಿಲ್ಲ. ಸುಗ್ಗಿಯ ಮುಂಚಿನ ಸಂತೆಗಳಲ್ಲಿ, ರಸ್ತೆ ಬದಿಯ ಬೇವಿನ ನೆರಳಲ್ಲಿ, ಕುಡುಗೋಲಿನ ರಾಶಿಯ ನಡುವೆ ಕೂತವನು ಅಂಚನ್ನು ಸರಿಸುತ್ತ ಒಂದೊಂದೇ ಗೀರು ಕೊರೆಯುತ್ತಾನೆ. ಎದುರಿಗೆ ಕುಕ್ಕರಗಾಲಲ್ಲಿ ಕೂತ ರೈತ ತನ್ನದನ್ನು ಕೈಗೆತ್ತಿಕೊಂಡು, ಹೆಬ್ಬೆರಳನ್ನು ಅಡ್ಡಡ್ಡ ಆಡಿಸಿ ನೋಡಿ, ಗೀರು ಬಿಟ್ಟುಹೋದ ಒಂದು ಬೆರಳಗಲದ ಜಾಗ ತೋರಿಸಿ ವಾಪಸು ಕೊಡುತ್ತಾನೆ.