ಸ್ಪ್ರಿಂಗಿನ ಬಿಗಿತ: ಒಂದು ಸಂಖ್ಯೆಯ ಚರಿತ್ರೆ

ಕಾರುಗಳ ಗೀಳು ಹತ್ತಿಸಿಕೊಂಡಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಚೆಗೆ ಹಲವು ಸ್ಪೋರ್ಟ್ಸ್ ಕಾರುಗಳ ಸ್ಪ್ರಿಂಗ್ ಬಿಗಿತದ ಪಟ್ಟಿಯೊಂದನ್ನು ಕಳುಹಿಸಿ, “ಸರ್, ಅತಿ ಬಿಗಿಯಾದ ಸ್ಪ್ರಿಂಗ್ ಇರುವ ಕಾರೇ ಉತ್ತಮವಲ್ಲವೆ? ನನ್ನ ಕಾರಿಗೂ ಅಂಥದನ್ನೇ ಹಾಕಿಸಲೆ?” ಎಂದು ಕೇಳಿದ. ‘ಬೇಡ’ ಎಂದು ಒಂದೇ ಮಾತಿನಲ್ಲಿ ಉತ್ತರಿಸಬಹುದಿತ್ತು. ಆದರೆ ಆ ‘ಬೇಡ’ದ ಹಿಂದೆ ಸ್ವಾರಸ್ಯಕರವಾದ ಚರಿತ್ರೆಯೊಂದಿದೆ. ಅದು ಉಳಿದ ವಿದ್ಯಾರ್ಥಿಗಳಿಗೂ ಬಂಧುಗಳಿಗೂ ತಿಳಿಯಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಪಾಠವನ್ನು ನೆನಪಿಸಿಕೊಳ್ಳೋಣ. ಸ್ಪ್ರಿಂಗ್ ಎಷ್ಟು ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ ಎಂಬುದು ಅದರ ಮೇಲೆ ಪ್ರಯೋಗಿಸಿದ ಬಲಕ್ಕೆ ಅನುಪಾತದಲ್ಲಿರುತ್ತದೆ. ಇದು ರಾಬರ್ಟ್ ಹುಕ್ 1678ರಲ್ಲಿ ವಿವರಿಸಿದ ನಿಯಮ. ಸ್ಪ್ರಿಂಗನ್ನು ಒಂದು ಮಿಲಿಮೀಟರ್ ಕುಗ್ಗಿಸಲು ಎಷ್ಟು ನ್ಯೂಟನ್ ಬಲ ಬೇಕೋ ಅದೇ ಅದರ ಬಿಗಿತ. ಪಟ್ಟಿಗಳಲ್ಲಿ ಅಚ್ಚಾಗುವ ಸಂಖ್ಯೆ ಇದೇ.

ಕಾರಿನಲ್ಲಿ ಈ ಸ್ಪ್ರಿಂಗಿಗೆ ಎರಡು ಕರ್ತವ್ಯಗಳಿವೆ. ಒಡಲಿನ ಭಾರವನ್ನು ಹೊರುವುದು ಒಂದು. ರಸ್ತೆಯ ಉಬ್ಬುತಗ್ಗುಗಳಿಗೆ ತಕ್ಕಂತೆ ಚಕ್ರವನ್ನು ಏರಿಳಿಯಲು ಬಿಟ್ಟು, ಅದು ನೆಲದ ಸಂಪರ್ಕ ಕಳೆದುಕೊಳ್ಳದಂತೆ ನೋಡಿಕೊಳ್ಳುವುದು ಇನ್ನೊಂದು. ಈ ಎರಡನೆಯ ಕರ್ತವ್ಯವನ್ನು ಕಾರು ನಿರ್ಮಿಸುವವರೇ ಬಹುಕಾಲ ಕಡೆಗಣಿಸಿದ್ದರು. ಒಡಲು ವಾಲದಿರಲಿ, ಚಕ್ರಗಳು ಅಲ್ಲಾಡದಿರಲಿ ಎಂದು ವೇಗದ ಕಾರುಗಳಿಗೆ ಗಡುಸಾದ ಸ್ಪ್ರಿಂಗುಗಳನ್ನು ಜೋಡಿಸುತ್ತಿದ್ದರು. ಆದರೆ ಅವುಗಳ ಚೌಕಟ್ಟುಗಳು ಎರಡು ಉದ್ದನೆಯ ಉಕ್ಕಿನ ತೊಲೆಗಳಿಗೆ ಅಡ್ಡಪಟ್ಟಿ ಬಿಗಿದ ಏಣಿಯಂತಿದ್ದವು. ಸ್ಪ್ರಿಂಗ್ ಬಾಗದಿದ್ದಾಗ ಏಣಿ ತಿರುಚಿಕೊಳ್ಳುತ್ತಿತ್ತು. ಅಂದರೆ ಚೌಕಟ್ಟೇ ಸ್ಪ್ರಿಂಗಾಗಿಬಿಡುತ್ತಿತ್ತು. ಆ ಕಂಪನವನ್ನು ಅಡಗಿಸಲು ಅಲ್ಲಿ ಷಾಕ್ ಅಬ್ಸಾರ್ಬರ್ ಇರಲಿಲ್ಲ.

ಈ ದೋಷವನ್ನು ಸ್ಪಷ್ಟವಾಗಿ ಕಂಡವನು ಮರ್ಸಿಡಿಸ್-ಬೆಂಜ್ ಸಂಸ್ಥೆಯ ಇಂಜಿನಿಯರ್ ರುಡಾಲ್ಫ್ ಊಲನ್‌ಹೌಟ್. 1934ರಲ್ಲಿ ಕಣಕ್ಕಿಳಿದು ಗೆಲುವುಗಳನ್ನು ಕಂಡಿದ್ದ ಆ ಸಂಸ್ಥೆಯ ಡಬ್ಲ್ಯು 25 ರೇಸಿಂಗ್ ಕಾರು 1936ರಲ್ಲಿ ಸೋಲಿನ ಮೇಲೆ ಸೋಲು ಕಂಡಿತು. ಋತು ಮುಗಿಯುವ ಮೊದಲೇ ಸಂಸ್ಥೆ ಸ್ಪರ್ಧೆಯಿಂದ ಹಿಂದೆ ಸರಿಯಿತು. ಆಗ ಮೂವತ್ತರ ಹರೆಯದಲ್ಲಿದ್ದ ಊಲನ್‌ಹೌಟ್ ವೃತ್ತಿಪರ ಚಾಲಕನಲ್ಲ. ಆದರೂ ತಾನೇ ಆ ಕಾರುಗಳನ್ನು ನ್ಯೂರ್ಬರ್ಗ್‌ರಿಂಗ್ ಪಥದಲ್ಲಿ ಓಡಿಸಿ ಪರೀಕ್ಷಿಸಿದ. ಸ್ಪ್ರಿಂಗುಗಳು ಅತಿ ಬಿಗಿ, ಚೌಕಟ್ಟು ಅತಿ ಸಡಿಲ ಎಂಬುದು ಅವನ ತೀರ್ಮಾನ. 1937ರ ಡಬ್ಲ್ಯು 125 ಕಾರಿನಲ್ಲಿ ಇದನ್ನು ತಿರುವುಮುರುವು ಮಾಡಲಾಯಿತು. ಅಂಡಾಕಾರದ ಉಕ್ಕಿನ ಕೊಳವೆಗಳಿಂದ ಗಟ್ಟಿಮುಟ್ಟಾದ ಚೌಕಟ್ಟನ್ನು ಕಟ್ಟಿ, ಅದಕ್ಕೆ ಮೃದುವಾದ, ಹೆಚ್ಚು ಏರಿಳಿಯಬಲ್ಲ ಸ್ಪ್ರಿಂಗುಗಳನ್ನು ಜೋಡಿಸಿದರು. ಆ ವರ್ಷ ರುಡಾಲ್ಫ್ ಕರಾಚಿಯೋಲಾ ಅದೇ ಕಾರಿನಲ್ಲಿ ಯೂರೋಪಿನ ಚಾಂಪಿಯನ್ ಆದ.

ಹಳೆಯ ನಂಬಿಕೆಗಳು ಬೇಗ ಸಾಯುವುದಿಲ್ಲ. 1945ರಿಂದ 1949ರವರೆಗೆ ಇಂಗ್ಲೆಂಡಿನಲ್ಲಿ ತಯಾರಾದ ಎಂ.ಜಿ. ಟಿ.ಸಿ. ಎಂಬ ಪುಟ್ಟ ಸ್ಪೋರ್ಟ್ಸ್ ಕಾರಿನ ನಾಲ್ಕೂ ಮೂಲೆಗಳಲ್ಲಿ, ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದ ಬಿರುಸಾದ ಲೀಫ್ ಸ್ಪ್ರಿಂಗುಗಳೇ ಇದ್ದವು. ಮೈ ಕುಲುಕಿದರೇನೇ ಸ್ಪೋರ್ಟ್ಸ್ ಕಾರು ಎಂಬ ಭಾವನೆಯನ್ನು ಬಲಪಡಿಸಿದವುಗಳಲ್ಲಿ ಅದೂ ಒಂದು.

ಈ ಭಾವನೆಯನ್ನು ಸಾಮಾನ್ಯ ರಸ್ತೆಯ ಮೇಲೆಯೇ ಸುಳ್ಳು ಮಾಡಿದ್ದು ಕಾಲಿನ್ ಚಾಪ್‌ಮನ್ನನ ಲೋಟಸ್ ಸಂಸ್ಥೆ. 1962ರಲ್ಲಿ ಹೊರಬಂದ ಅದರ ಎಲಾನ್ ಕಾರಿನ ತೂಕ 700 ಕಿಲೋಗ್ರಾಮಿಗೂ ಕಡಿಮೆ. ಮಡಿಸಿದ ಉಕ್ಕಿನ ತಗಡಿನಿಂದ ಮಾಡಿದ, ಬೆನ್ನೆಲುಬಿನಂಥ ಚೌಕಟ್ಟು ಸುಲಭವಾಗಿ ತಿರುಚುತ್ತಿರಲಿಲ್ಲ. ಅದರ ಸ್ಪ್ರಿಂಗುಗಳು ಮೃದು; ಆ ಮೃದುತ್ವವನ್ನು ಹದ್ದುಬಸ್ತಿನಲ್ಲಿಡುವ ಹೊಣೆ ಷಾಕ್ ಅಬ್ಸಾರ್ಬರುಗಳದು. ಹಳ್ಳದಿಣ್ಣೆಗಳ ರಸ್ತೆಯಲ್ಲಿಯೂ ಅದರ ಟೈರುಗಳು ನೆಲವನ್ನು ಅಪ್ಪಿಕೊಂಡೇ ಸಾಗುತ್ತಿದ್ದವು. ತಿರುವುಗಳಲ್ಲಿ ಅದರಷ್ಟು ಚೊಕ್ಕವಾಗಿ ನಡೆಯುವ ಕಾರುಗಳು ಇಂದಿಗೂ ವಿರಳವೆಂದು ಬಲ್ಲವರು ಹೊಗಳುತ್ತಾರೆ.

ಈಗ ನನ್ನ ವಿದ್ಯಾರ್ಥಿಯ ಪಟ್ಟಿಗೆ ಬರೋಣ. ಹೋಲಿಕೆಗೆ ಸ್ವಲ್ಪ ಲೆಕ್ಕ ಬೇಕು. ಒಂದು ಚಕ್ರದ ಪಾಲಿಗೆ 160 ಕಿಲೋಗ್ರಾಂ ಬರುವ ಹಗುರವಾದ ಕಾರು, 400 ಕಿಲೋಗ್ರಾಂ ಬರುವ ಭಾರವಾದ ಕಾರು ಎಂದು ಎರಡನ್ನು ಊಹಿಸಿಕೊಳ್ಳಿ. ಚಕ್ರದ ಬಳಿ ಅಳೆದಾಗ ಮೊದಲನೆಯದರ ಬಿಗಿತ ಮಿಲಿಮೀಟರಿಗೆ 16 ನ್ಯೂಟನ್, ಎರಡನೆಯದರದು 40 ನ್ಯೂಟನ್. ಪಟ್ಟಿಯಲ್ಲಿ ನೋಡಿದರೆ ಎರಡನೆಯದು ಎರಡೂವರೆ ಪಟ್ಟು ಬಿಗಿ. ಆದರೆ ಬಿಗಿತವನ್ನು ದ್ರವ್ಯರಾಶಿಯಿಂದ ಭಾಗಿಸಿ, ವರ್ಗಮೂಲ ತೆಗೆದು, ಎರಡು ಪೈನಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಆಂದೋಲನ ಎಂಬ ಆವೃತ್ತಿ ಸಿಗುತ್ತದೆ. ಎರಡೂ ಕಾರುಗಳಿಗೆ ಬರುವ ಉತ್ತರ ಒಂದೇ: ಸುಮಾರು 1.6. ಅಂದರೆ ಎರಡೂ ರಸ್ತೆಯ ಮೇಲೆ ಒಂದೇ ಲಯದಲ್ಲಿ ತೂಗುತ್ತವೆ.

ಇನ್ನೂ ಒಂದು ತೊಡಕಿದೆ. ಸ್ಪ್ರಿಂಗ್ ಸಾಮಾನ್ಯವಾಗಿ ಚಕ್ರದ ಮೇಲೆಯೇ ಕೂತಿರುವುದಿಲ್ಲ. ಚಕ್ರವನ್ನು ಹಿಡಿದಿರುವ ತೋಳಿನ ನಡುವೆ ಎಲ್ಲೋ ಇರುತ್ತದೆ. ಸರಿಯಾಗಿ ಅರ್ಧದಲ್ಲಿದ್ದರೆ ಸ್ಪ್ರಿಂಗ್ ಕುಗ್ಗುವ ದೂರವೂ ಅರ್ಧ, ಚಕ್ರಕ್ಕೆ ತಲಪುವ ಬಲವೂ ಅರ್ಧ. ಹಾಗಾಗಿ 64 ನ್ಯೂಟನ್ನಿನ ಸ್ಪ್ರಿಂಗು ಚಕ್ರದ ಬಳಿ ಕೇವಲ 16 ಆಗುತ್ತದೆ. ಸನ್ನೆಕೋಲಿನ ಪಾಠವನ್ನು ಕಲಿತವರಿಗೆ ಇದು ಹೊಸದಲ್ಲ.

ಹಾಗಾದರೆ ರೇಸಿಂಗ್ ಕಾರುಗಳ ಸ್ಪ್ರಿಂಗುಗಳು ಏಕೆ ಅಷ್ಟು ಬಿಗಿ ಎಂದು ನೀವು ಕೇಳಬಹುದು. ಇದಕ್ಕೂ ಉತ್ತರ ಚಾಪ್‌ಮನ್ನನ ಬಳಿಯೇ ಇದೆ. ಮಾರಿಯೋ ಆಂಡ್ರೆಟ್ಟಿಗೆ 1978ರ ವಿಶ್ವ ಚಾಂಪಿಯನ್ ಪಟ್ಟ ತಂದುಕೊಟ್ಟ ಲೋಟಸ್ 79 ಕಾರು, ತನ್ನ ತಳಭಾಗದಲ್ಲಿ ಹರಿಯುವ ಗಾಳಿಯ ಒತ್ತಡವನ್ನು ತಗ್ಗಿಸಿ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಇಂಥ ಕಾರಿನ ತಳಕ್ಕೂ ನೆಲಕ್ಕೂ ಇರುವ ಅಂತರ ಬದಲಾದರೆ ಹಿಡಿತವೂ ಬದಲಾಗುತ್ತದೆ. ಆದ್ದರಿಂದ ಆ ಮುಂದಿನ ವರ್ಷಗಳಲ್ಲಿ ಸ್ಪ್ರಿಂಗುಗಳು ಬಿಗಿಯಾಗುತ್ತಲೇ ಹೋದವು. ಚಾಲಕರು ಬೆನ್ನು ಕುತ್ತಿಗೆಗಳ ನೋವಿನಿಂದ ನರಳಿದರು. 1983ರಿಂದ ಫಾರ್ಮುಲಾ ಒನ್ ಕಾರುಗಳ ತಳ ಚಪ್ಪಟೆಯಾಗಿರಬೇಕೆಂಬ ನಿಯಮ ಜಾರಿಗೆ ಬಂತು. 2022ರಲ್ಲಿ ಗಾಳಿಯ ಅದೇ ತತ್ತ್ವ ಮರಳಿದಾಗ ಬಿಗಿತದ ಬಾಧೆಯೂ ಮರಳಿತು. ಕಾರುಗಳು ನೇರ ಪಥದಲ್ಲಿಯೇ ಪುಟಿಯತೊಡಗಿದವು. ಅಲ್ಲಿ ಬಿಗಿತವು ಗಾಳಿಗಾಗಿ ತೆತ್ತ ಬೆಲೆ. ನಯವಾದ ಪಥವಿಲ್ಲದೆ, ಆ ವೇಗವಿಲ್ಲದೆ ಅದನ್ನು ಅನುಕರಿಸಿದರೆ ಬೆಲೆ ತೆತ್ತಂತಾಗುತ್ತದೆ, ಸರಕು ಮಾತ್ರ ಕೈಗೆ ಬರುವುದಿಲ್ಲ.

ಇದು ಕೇವಲ ಸುಖಪ್ರಯಾಣದ ಮಾತಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಅತಿ ಬಿಗಿಯಾದ ಸ್ಪ್ರಿಂಗು ಚಕ್ರವನ್ನು ನೆಲದಿಂದ ಎಗರಿಸುತ್ತದೆ. ಎಗರಿದ ಚಕ್ರ ಬ್ರೇಕಿಗೂ ಓಗೊಡದು, ಸ್ಟಿಯರಿಂಗಿಗೂ ಓಗೊಡದು. ಮಳೆಗಾಲದ ತಿರುವಿನಲ್ಲಿ ಆ ಒಂದು ಕ್ಷಣ ಸಾಕು. ಮನೆಯಲ್ಲಿ ಹೆಂಡತಿ ಮಕ್ಕಳು ದಾರಿ ಕಾಯುತ್ತಿರುವಾಗ ಇಂಥ ಪ್ರಯೋಗ ಬೇಡವೆಂದು ಅವನಿಗೆ ಬರೆದಿದ್ದೇನೆ.

ಕೊನೆಗೆ ಒಂದು ಮನೆಗೆಲಸ. ಮೇಲಿನ ಹಗುರವಾದ ಕಾರಿನ 16 ನ್ಯೂಟನ್ ಬಿಗಿತವನ್ನು ಭಾರವಾದ ಕಾರಿಗೆ ಕೊಟ್ಟರೆ ಅದರ ಆವೃತ್ತಿ ಎಷ್ಟು? 40 ನ್ಯೂಟನ್ ಬಿಗಿತವನ್ನು ಹಗುರವಾದ ಕಾರಿಗೆ ಕೊಟ್ಟರೆ ಎಷ್ಟು? ಲೆಕ್ಕದ ಹಂತಗಳನ್ನೂ ಬರೆದು ಕಳುಹಿಸಿ. ಬರಿಯ ಉತ್ತರಕ್ಕೆ ನಾನು ಅಂದೂ ಪೂರ್ಣಾಂಕ ಕೊಟ್ಟವನಲ್ಲ.