ಕಿವಿಗೆ ಕೂರುವ ಧ್ವನಿ

ರೇಡಿಯೋ ಇರುವ ಮನೆಯಲ್ಲಿ ಕೇಳುವುದೆಂದರೆ ನಾಲ್ಕು ಜನ ಕೂಡಿ ಕೇಳುವುದು. ವಾರ್ತೆಯ ಹೊತ್ತಿಗೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು ಬಾಗಿಲಲ್ಲಿ ನಿಲ್ಲುವವರು ಒಬ್ಬರು. ಪತ್ರಿಕೆಯನ್ನು ಮಡಿಸಿಟ್ಟು ಕಿವಿಗೊಡುವವರು ಇನ್ನೊಬ್ಬರು. ‘ಸ್ವಲ್ಪ ಜೋರು ಮಾಡಿ’ ಎನ್ನುವವರು ಮತ್ತೊಬ್ಬರು. ಆದರೆ ಅದೇ ಮನೆಯ ಮೂಲೆಯಲ್ಲಿ ಈಗ ಬೇರೊಂದು ಬಗೆಯ ಶ್ರವಣವೂ ನಡೆದಿರುತ್ತದೆ. ಹುಡುಗನೊಬ್ಬ ಹಲಸಿನ ಬೀಜದಷ್ಟು ದೊಡ್ಡ ಎರಡು ಗುಂಡುಗಳನ್ನು ಕಿವಿಗಳಿಗೆ ತೂರಿಕೊಂಡು, ಕರೆದರೆ ಓಗೊಡದೆ, ತನ್ನಷ್ಟಕ್ಕೆ ತಾನೇ ತಲೆದೂಗುತ್ತಿರುತ್ತಾನೆ. ಇದನ್ನು ತಾವೂ ಕಂಡಿರಬಹುದು; ಕಂಡು ಗೊಣಗಿಯೂ ಇರಬಹುದು. ನಾನಂತೂ ಗೊಣಗಿದ್ದೇನೆ. ಆದರೆ ಆ ಗುಂಡುಗಳಿಗೆ ನೂರಮೂವತ್ತು ವರ್ಷಗಳಿಗೂ ಮಿಕ್ಕ ಚರಿತ್ರೆಯುಂಟೆಂದು ತಿಳಿದ ಮೇಲೆ ನನ್ನ ಗೊಣಗಾಟ ಸ್ವಲ್ಪ ಇಳಿಯಿತು.

ಬೆಲ್ ಮಹಾಶಯನು ಟೆಲಿಫೋನಿಗೆ ಹಕ್ಕುಪತ್ರ ಪಡೆದದ್ದು 1876ರಲ್ಲಿ. ಅದಾಗಿ ಹದಿನೈದು ವರ್ಷಕ್ಕೆ, 1891ರಲ್ಲಿ, ಅರ್ನೆಸ್ಟ್ ಮರ್ಕಾದಿಯೆ ಎಂಬ ಫ್ರೆಂಚ್ ಎಂಜಿನಿಯರು ‘ಬೈ-ಟೆಲಿಫೋನ್’ ಎಂಬ ಉಪಕರಣಕ್ಕೆ ಅಮೆರಿಕದಲ್ಲಿ ಹಕ್ಕುಪತ್ರ ಪಡೆದನು. ಕಿವಿಯ ಕುಳಿಯೊಳಗೇ ಕೂರುವ ಎರಡು ಪುಟ್ಟ ಶ್ರಾವಕಗಳು. ತೂಕ ಸುಮಾರು 50 ಗ್ರಾಂ. ಅವುಗಳ ಮೂತಿಗೆ ಆತ ರಬ್ಬರಿನ ಹೊದಿಕೆ ತೊಡಿಸಿದನು. ಏಕೆಂದರೆ ಕಿವಿ ಉಜ್ಜಿ ನೋಯಬಾರದು, ಹೊರಗಿನ ಸದ್ದೂ ಒಳಗೆ ನುಗ್ಗಬಾರದು. ಓದುಗರು ಈ ರಬ್ಬರನ್ನು ಮನಸ್ಸಿನಲ್ಲಿಟ್ಟಿರಬೇಕು. ಇಂದು ಸಾವಿರ ರೂಪಾಯಿಯ ಇಯರ್‌ಫೋನು ಚೆನ್ನಾಗಿದೆಯೋ ಇಲ್ಲವೋ ಎಂಬ ಪ್ರಶ್ನೆಯಲ್ಲಿ ಅರ್ಧಪಾಲು ಈ ರಬ್ಬರಿನದೇ.

ಅದಕ್ಕೂ ಎರಡು ವರ್ಷ ಮುಂಚೆ, 1889ರಲ್ಲಿ, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕಾಸು ಹಾಕಿ ಫೋನೋಗ್ರಾಫ್ ಕೇಳುವ ಏರ್ಪಾಡು ಆರಂಭವಾಗಿತ್ತು. ವೈದ್ಯರ ಸ್ಟೆತಾಸ್ಕೋಪಿನಂತಹ ಕೊಳವೆಗಳನ್ನು ಕಿವಿಗೆ ಇಟ್ಟುಕೊಂಡು ಕೇಳಬೇಕು. ಒಬ್ಬರು ಕೇಳಿದ ಕೊಳವೆಯನ್ನು ಮತ್ತೊಬ್ಬರು ಒರೆಸಿಕೊಳ್ಳಲೆಂದು ಪಕ್ಕದಲ್ಲೇ ಒಂದು ಟವೆಲನ್ನೂ ಇಟ್ಟಿದ್ದರಂತೆ. ನಮ್ಮಲ್ಲಿ ಮಡಿಹುಡಿಯ ಅಜ್ಜಿಯರು ಕೇಳಿದ್ದರೆ ಆ ಟವೆಲಿಗೇ ಹೌಹಾರುತ್ತಿದ್ದರು.

ಮುಂದಿನ ಹೆಜ್ಜೆ ಇಟ್ಟದ್ದು ಒಂದು ಅಡುಗೆಮನೆಯಲ್ಲಿ. ಅಮೆರಿಕದ ಯೂಟಾ ಪ್ರಾಂತದ ನತಾನಿಯಲ್ ಬಾಲ್ಡ್ವಿನ್ ಎಂಬಾತ 1910ರಲ್ಲಿ ತಾನು ಕೈಯಾರೆ ಮಾಡಿದ ತಲೆಶ್ರಾವಕಗಳನ್ನು ಅಲ್ಲಿನ ನೌಕಾದಳಕ್ಕೆ ಕಳುಹಿಸಿದನು. ಜೊತೆಗಿದ್ದ ಪತ್ರವೋ, ಬಣ್ಣದ ಕಾಗದದ ಮೇಲೆ ನೇರಳೆ ಮಸಿಯಲ್ಲಿ ಬರೆದದ್ದು. ಇಂತಹ ಪತ್ರವನ್ನು ನೋಡಿ ಯಾರು ತಾನೆ ಗಂಭೀರವಾಗಿ ತೆಗೆದುಕೊಂಡಾರು? ಆದರೂ ನೌಕಾದಳದವರು ಕಿವಿಗಿಟ್ಟು ನೋಡಿದರು. ಅದುವರೆಗಿನ ಶ್ರಾವಕಗಳನ್ನೆಲ್ಲ ಅದು ಮೀರಿಸಿತ್ತು. ಬೇಡಿಕೆ ಕಳುಹಿಸಿದರೆ, ಒಂದು ಸಲಕ್ಕೆ ಹತ್ತು ಮಾತ್ರ ಕೊಡಬಲ್ಲೆನೆಂದನಂತೆ. ಕಾರ್ಖಾನೆಯೇ ಅಡುಗೆಮನೆಯಾದ ಮೇಲೆ ಮತ್ತೇನು ಮಾಡಲು ಸಾಧ್ಯ?

ಅವನು ಬಳಸಿದ ತತ್ತ್ವಕ್ಕೆ ಇಂಗ್ಲಿಷರು ‘ಬ್ಯಾಲೆನ್ಸ್ಡ್ ಆರ್ಮೇಚರ್’ ಎನ್ನುತ್ತಾರೆ. ನಾವು ‘ತೂಗುನಾಲಗೆ’ ಎಂದುಕೊಳ್ಳೋಣ. ಅಯಸ್ಕಾಂತದ ಎರಡು ಧ್ರುವಗಳ ನಡುವೆ ತೆಳುವಾದ ಒಂದು ಕಬ್ಬಿಣದ ನಾಲಗೆ. ಅದರ ಸುತ್ತ ತಂತಿಯ ಸುರುಳಿ. ಎರಡು ಕಡೆಯ ಸೆಳೆತವೂ ಸರಿಸಮ. ಅಕ್ಕಸಾಲಿಗರ ತಕ್ಕಡಿಯ ಮುಳ್ಳು ನೆಟ್ಟಗೆ ನಿಂತಿರುತ್ತದಲ್ಲ, ಹಾಗೆ. ಒಂದು ಗುಲಗಂಜಿ ತೂಕಕ್ಕೆ ಆ ಮುಳ್ಳು ವಾಲುವಂತೆ, ಸುರುಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹರಿದರೂ ಈ ನಾಲಗೆ ಅಲುಗುತ್ತದೆ. ಆ ಅಲುಗನ್ನು ಒಂದು ಸಣ್ಣ ಕಡ್ಡಿ ಪರದೆಗೆ ಮುಟ್ಟಿಸುತ್ತದೆ. ಪರದೆ ಗಾಳಿಯನ್ನು ನಡುಗಿಸುತ್ತದೆ. ಸೂಕ್ಷ್ಮವಾದುದನ್ನು ಸ್ಪಷ್ಟವಾಗಿ ನುಡಿಯುವುದು ಇದರ ಗುಣ.

ಇದರ ದಾಯಾದಿ ತಂತಿಸುರುಳಿಯ ಯಂತ್ರ, ಎಂದರೆ ‘ಡೈನಾಮಿಕ್’. ಇಲ್ಲಿ ಸುರುಳಿಯು ಪರದೆಗೇ ಅಂಟಿಕೊಂಡು ಅದರೊಡನೆ ತಾನೂ ಕುಣಿಯುತ್ತದೆ. 1925ರಲ್ಲಿ ರೈಸ್ ಮತ್ತು ಕೆಲಾಗ್ ಎಂಬ ಅಮೆರಿಕನ್ನರು ಈ ಬಗೆಯ ಧ್ವನಿವರ್ಧಕವನ್ನು ಸಿದ್ಧಪಡಿಸಿದರು. ಅಂದಿನಿಂದ ರೇಡಿಯೋ ಕಿವಿಯಿಂದ ಇಳಿದು ಕೋಣೆಗೆ ಬಂದಿತು. ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ್ದು 1935ರಲ್ಲಿ, ಅಷ್ಟರಲ್ಲಿ ಲೋಕವೆಲ್ಲ ಧ್ವನಿವರ್ಧಕದ ಕಾಲಕ್ಕೆ ಕಾಲಿಟ್ಟಾಗಿತ್ತು. ರೇಡಿಯೋವನ್ನು ಮನೆಮಂದಿಯೆಲ್ಲ ಕೇಳುವ ವಸ್ತುವೆಂದೇ ನಾವು ಮೊದಲಿನಿಂದ ತಿಳಿದಿರುವುದಕ್ಕೆ ಇದೂ ಒಂದು ಕಾರಣವಿರಬೇಕು. 1937ರಲ್ಲಿ ಬರ್ಲಿನ್ನಿನ ಆಯ್ಗನ್ ಬೇಯರ್ ಎಂಬಾತ ಇದೇ ಯಂತ್ರವನ್ನು ಕುಗ್ಗಿಸಿ ತಲೆಗೆ ತೊಡುವಂತೆ ಮಾಡಿದನು.

ತೂಗುನಾಲಗೆಯೋ, ಕಿವಿ ಮಂದವಾದವರ ಸೇವೆಗೆ ಹೋಯಿತು. 1946ರಲ್ಲಿ ಹ್ಯೂ ನೋಲ್ಸ್ ಎಂಬಾತ ಷಿಕಾಗೋ ಪ್ರದೇಶದಲ್ಲಿ ಸ್ಥಾಪಿಸಿದ ಸಂಸ್ಥೆಯು ಶ್ರವಣಸಾಧನಗಳಿಗಾಗಿ ಅದನ್ನು ಕುಗ್ಗಿಸುತ್ತ ಬಂದಿತು. ಕೊನೆಗೆ ಅದು ಅಕ್ಕಿಕಾಳಿಗಿಂತ ಕೊಂಚ ದಪ್ಪದ ಪೆಟ್ಟಿಗೆಯಾಯಿತು. ಅಲ್ಲಿ ಕೆಲಸ ಮಾಡಿದ್ದ ಮೀಡ್ ಕಿಲಿಯನ್ 1983ರಲ್ಲಿ ಸ್ವಂತ ಸಂಸ್ಥೆಯನ್ನು ಕಟ್ಟಿ, 1991ರಲ್ಲಿ ಸಂಗೀತ ಕೇಳುವವರಿಗೆಂದೇ ಕಿವಿಯೊಳಗಿನ ಶ್ರಾವಕವನ್ನು ಹೊರತಂದನು. ಒಂದರ ಮೇಲೊಂದು ಮೂರು ಕೊಡೆಗಳಂತಿದ್ದ ಅದರ ರಬ್ಬರು ಕಿವಿಯ ಕುಳಿಯನ್ನು ಬಿಗಿಯಾಗಿ ಮುಚ್ಚುತ್ತಿತ್ತು. ನಾಲ್ಕು ವರ್ಷಗಳ ಬಳಿಕ, 1995ರಲ್ಲಿ, ವ್ಯಾನ್ ಹೇಲನ್ ತಂಡದ ಡ್ರಮ್ಮು ಬಾರಿಸುವವರು ವೇದಿಕೆಯ ಅಬ್ಬರದಿಂದ ಕಿವಿ ಕೆಡುತ್ತಿದೆಯೆಂದು ದೂರಿದಾಗ, ತಂಡದ ಧ್ವನಿ ಎಂಜಿನಿಯರ್ ಜೆರ್ರಿ ಹಾರ್ವಿ ಎರಡು ತೂಗುನಾಲಗೆಗಳನ್ನು ಒಂದೇ ಗುಂಡಿನಲ್ಲಿ ಕೂರಿಸಿಕೊಟ್ಟನು. ಒಂದು ತಗ್ಗುಸ್ವರಕ್ಕೆ, ಒಂದು ಮೇಲುಸ್ವರಕ್ಕೆ. ‘ಮಾನಿಟರ್’ ಎಂಬ ಹೆಸರು ವೇದಿಕೆಯಿಂದ ಬಂದದ್ದು. ಹಾಡುವವನು ತನ್ನ ಹಾಡನ್ನು ತಾನೇ ಕೇಳಿಕೊಳ್ಳಲು ಇಟ್ಟುಕೊಳ್ಳುವ ಯಂತ್ರವೇ ಅದು.

ಇನ್ನು ಉಳಿದದ್ದು ಇಬ್ಬರು ದಾಯಾದಿಗಳನ್ನು ಒಂದೇ ಮನೆಯಲ್ಲಿ ಇರಿಸುವುದು. ತಗ್ಗುಸ್ವರಕ್ಕೆ ಸುರುಳಿಯ ಯಂತ್ರ, ಮೇಲುಸ್ವರಕ್ಕೆ ತೂಗುನಾಲಗೆ. ಇದೇ ‘ಹೈಬ್ರಿಡ್’. ಹೈಬ್ರಿಡ್ ಜೋಳ, ಹೈಬ್ರಿಡ್ ಹತ್ತಿ ಕೇಳಿದ್ದ ನಮಗೆ ಈ ಹೆಸರು ಹೊಸದೇನಲ್ಲ. 2011ರಲ್ಲಿ ಆಸ್ಟ್ರಿಯದ ಎಕೆಜಿ ಸಂಸ್ಥೆ ಇಂಥದೊಂದನ್ನು ಸಾವಿರ ಡಾಲರಿಗೂ ಮೀರಿದ ಬೆಲೆಗೆ ಮಾರಿತು. 2016ರ ಹೊತ್ತಿಗೆ ಚೀನದ ಕೆಝಡ್ ಎಂಬ ಸಂಸ್ಥೆಯ ಜೆಡ್‌ಎಸ್‌ಟಿ ಇಪ್ಪತ್ತು ಡಾಲರಿನೊಳಗೆ ಸಿಗತೊಡಗಿತು. ಐದು ವರ್ಷದಲ್ಲಿ ಬೆಲೆ ಐವತ್ತರಲ್ಲಿ ಒಂದು ಪಾಲಾಯಿತು! ಧ್ವನಿಯ ಗುಣವೂ ಅದೇ ಪ್ರಮಾಣದಲ್ಲಿ ಇಳಿಯಿತೇ ಎಂದರೆ, ಖಂಡಿತ ಇಲ್ಲ. ಆದರೆ ಎಲ್ಲಿ ಇಳಿದಿದೆ ಎಂಬುದನ್ನು ತಿಳಿದು ಕೊಳ್ಳಬೇಕು.

ಈಗ ನನ್ನ ಕಥೆ. ಮೊಮ್ಮಗ ಸಾವಿರದ ಆಚೀಚೆಯ ಒಂದು ಹೈಬ್ರಿಡ್ ತಂದು, ‘ತಾತ, ನೀವೂ ಕೇಳಿ ನೋಡಿ’ ಎಂದ. ಕೇಳಿದೆ. ಮೃದಂಗದ ಬಲಮುಖ ಟಣ್ಣೆನ್ನುತ್ತಿತ್ತು; ಎಡಮುಖ ಎಲ್ಲಿಯೋ ಮಾಯ. ‘ಇದು ತಗಡಿನ ಡಬ್ಬಿ ಕಣೋ, ದುಡ್ಡು ದಂಡ’ ಎಂದು ತೀರ್ಪು ಕೊಟ್ಟೆ. ಹುಡುಗ ಮರುಮಾತನಾಡಲಿಲ್ಲ. ಪೊಟ್ಟಣದಲ್ಲಿದ್ದ ಮೂರು ಅಳತೆಯ ರಬ್ಬರುಗಳಲ್ಲಿ ದೊಡ್ಡದನ್ನು ತೆಗೆದು ಎಡಗಡೆಗೆ ತೊಡಿಸಿ, ‘ಈಗ ನೋಡಿ’ ಎಂದ. ಎಡಮುಖದ ಗುಂಕಾರ ಬಂದು ಕೂತಿತು! ನಾಚಿಕೆಯಾಯಿತು. ತೀರ್ಪು ಕೊಟ್ಟದ್ದು ಯಂತ್ರಕ್ಕಲ್ಲ, ಸೋರುವ ರಬ್ಬರಿಗೆ.

ಇದರ ಗುಟ್ಟು ಸರಳ. ಇಯರ್‌ಫೋನಿಗೂ ಕಿವಿತಮಟೆಗೂ ನಡುವೆ ಉಳಿಯುವ ಗಾಳಿ ಒಂದೆರಡು ಘನ ಸೆಂಟಿಮೀಟರು ಮಾತ್ರ. ಆ ಪುಟ್ಟ ಕೋಣೆ ಮುಚ್ಚಿದ್ದರೆ ಪರದೆಯ ಸಣ್ಣ ನೂಕಿಗೂ ಗಾಳಿಯ ಒತ್ತಡ ಏರುತ್ತದೆ. ಕೂದಲೆಳೆಯಷ್ಟು ಸಂದಿದ್ದರೂ ಆ ಒತ್ತಡ ಅಲ್ಲಿಂದ ನುಸುಳುತ್ತದೆ. ಮೊದಲು ನುಸುಳುವುದು ತಗ್ಗುಸ್ವರವೇ. ನಮ್ಮ ಎರಡು ಕಿವಿಗಳೂ ಒಂದೇ ಅಳತೆಯವಾಗಿರಬೇಕೆಂಬ ನಿಯಮವೂ ಇಲ್ಲ. ಆದುದರಿಂದ ತಾವು ಪರೀಕ್ಷಿಸುವಾಗ ಮೊದಲು ಹೀಗೆ ಮಾಡಿ. ಕಿವಿಯ ಮೇಲಂಚನ್ನು ಹಿಂದಕ್ಕೂ ಮೇಲಕ್ಕೂ ಮೆಲ್ಲಗೆ ಎಳೆದು, ಬಾಯಿ ತುಸು ತೆರೆದು, ಗುಂಡನ್ನು ಕೂರಿಸಿ. ತಂತಿಯನ್ನು ಕಿವಿಯ ಮೇಲಿಂದ ಹಿಂದಕ್ಕೆ ಹಾಯಿಸಿ, ಅದು ಬಟ್ಟೆಗೆ ಉಜ್ಜುವ ಸದ್ದು ಕಡಿಮೆಯಾಗುತ್ತದೆ. ಸಂಗೀತ ಹಾಕದೆಯೇ ಒಮ್ಮೆ ‘ಮ್’ ಎಂದು ಶ್ರುತಿ ಹಿಡಿಯಿರಿ. ನಿಮ್ಮ ದನಿ ಬಾವಿಯೊಳಗಿನಂತೆ ಎರಡು ಕಡೆಯೂ ಒಂದೇ ಸಮ ಮೊಳಗಿದರೆ ಮುಚ್ಚಿಗೆ ಸರಿಯಾಗಿದೆ. ಒಂದೇ ಕಡೆ ಮೊಳಗಿದರೆ ಇನ್ನೊಂದು ಕಡೆಯ ರಬ್ಬರನ್ನು ಬದಲಿಸಿ. ಒಂದು ಗಂಟೆಯಾದರೂ ತೊಟ್ಟು ನೋಡದೆ ಹಿತವಾಗಿದೆಯೆಂದು ಹೇಳಬೇಡಿ. ಹೊಸ ಚಪ್ಪಲಿ ಅಂಗಡಿಯಲ್ಲಿ ಕಚ್ಚುವುದಿಲ್ಲ.

ಅದಾದ ಮೇಲೆ ಧ್ವನಿ. ತೆರೆದ ಕಿವಿಯ ಕುಳಿ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದದ, ಒಂದು ಕಡೆ ಮುಚ್ಚಿದ ಕೊಳಲಿನಂತೆ. ಸೆಕೆಂಡಿಗೆ 3,000 ಕಂಪನಗಳ ಆಸುಪಾಸಿನ ಸದ್ದನ್ನು ಅದು ತಾನಾಗಿಯೇ ಹಿಗ್ಗಿಸಿ ತಮಟೆಗೆ ಒಪ್ಪಿಸುತ್ತದೆ. ಕುಳಿಗೆ ಬಿರಡೆ ಹಾಕಿದೊಡನೆ ಆ ಕೊಳಲು ಕೆಟ್ಟಿತು. ಆ ಹಿಗ್ಗನ್ನು ತಯಾರಕನೇ ತನ್ನ ಯಂತ್ರದಲ್ಲಿ ತುಂಬಿಕೊಡಬೇಕು. ಕಡಿಮೆ ತುಂಬಿದರೆ ಹಾಡುವವರು ಪಕ್ಕದ ಕೋಣೆಗೆ ಹೋಗುತ್ತಾರೆ. ಹೆಚ್ಚು ತುಂಬಿದರೆ ಕಿವಿಯಲ್ಲೇ ಕಿರಿಚುತ್ತಾರೆ. ಎಷ್ಟು ತುಂಬಿದರೆ ಜನಕ್ಕೆ ಹಿತವೆಂದು ಹಾರ್ಮನ್ ಸಂಸ್ಥೆಯ ಷಾನ್ ಆಲಿವ್ ಮತ್ತು ಸಂಗಡಿಗರು 2010ರ ನಂತರದ ವರ್ಷಗಳಲ್ಲಿ ಕೇಳುಗರನ್ನೇ ಕೂರಿಸಿ ಪರೀಕ್ಷೆ ಮಾಡಿದರು.

ಅಗ್ಗದ ಹೈಬ್ರಿಡ್‌ಗಳು ಸಾಮಾನ್ಯವಾಗಿ ಮಾಡುವ ತಪ್ಪು ಬೇರೆ. ತಗ್ಗುಸ್ವರವನ್ನೂ ಮೇಲುಸ್ವರವನ್ನೂ ಎತ್ತಿ, ನಡುವಿನದನ್ನು ತಗ್ಗಿಸಿಬಿಡುತ್ತವೆ. ಅಂಗಡಿಯಲ್ಲಿ ಐದು ನಿಮಿಷ ಕೇಳಿದರೆ ಝಗಝಗಿಸುತ್ತದೆ. ಮನೆಯಲ್ಲಿ ಐವತ್ತು ನಿಮಿಷ ಕೇಳಿದರೆ ತಲೆ ನೋಯುತ್ತದೆ. ಅದರಲ್ಲೂ ನಮ್ಮ ಸಂಗೀತದ ಜೀವ ಇರುವುದು ನಡುವಿನಲ್ಲಿ, ಹಾಡುವವರ ಕಂಠದಲ್ಲಿ, ಸಾಹಿತ್ಯದ ಅಕ್ಷರದಲ್ಲಿ. ಆದುದರಿಂದ ನಾನು ಸಂಗೀತಕ್ಕೆ ಮೊದಲು ಕನ್ನಡ ವಾರ್ತೆಯನ್ನು ಕೇಳುತ್ತೇನೆ. ಶ, ಷ, ಸ ಅಕ್ಷರಗಳು ಸೂಜಿಯಂತೆ ಚುಚ್ಚುತ್ತವೆಯೇ? ಅಲ್ಪಪ್ರಾಣ ಮಹಾಪ್ರಾಣಗಳು ಬೇರೆಬೇರೆಯಾಗಿ ಕೇಳುತ್ತವೆಯೇ? ವಾರ್ತೆ ಓದುವವರು ಎದುರಿಗೆ ಕೂತಿದ್ದಾರೆಯೋ, ಮೂಗು ಕಟ್ಟಿದೆಯೋ? ಬಳಿಕ ತಂಬೂರಿ. ನಾಲ್ಕನೆಯ ತಂತಿಯ ಮಂದ್ರ ಷಡ್ಜದಿಂದ ಜೀವಾಳದ ಝೇಂಕಾರದವರೆಗೆ ಒಂದೇ ವಾದ್ಯದ ನಾದವಾಗಿ ಕೇಳಬೇಕು. ಕೊನೆಗೆ ಮೃದಂಗ. ಎಡಮುಖವನ್ನು ನುಡಿಸುವುದು ಸುರುಳಿ, ಬಲಮುಖದ ಮೊನಚನ್ನು ನುಡಿಸುವುದು ನಾಲಗೆ. ಬೆಸುಗೆ ಸರಿಯಿಲ್ಲದಿದ್ದರೆ ಇಬ್ಬರು ವಿದ್ವಾಂಸರು ಎರಡು ಕೋಣೆಯಲ್ಲಿ ಕೂತು ಒಂದು ಮೃದಂಗವನ್ನು ಬಾರಿಸಿದಂತಾಗುತ್ತದೆ. ಒಂದು ಗುಂಡಿನಲ್ಲಿ ಐದು ಯಂತ್ರ, ಎಂಟು ಯಂತ್ರ ಎಂದು ಪೊಟ್ಟಣದ ಮೇಲೆ ಅಚ್ಚು ಹಾಕಿರುತ್ತಾರೆ. ಪಲ್ಯಕ್ಕೆ ಎಷ್ಟು ಬಗೆಯ ಮಸಾಲೆ ಹಾಕಿದೆಯೆಂದು ಲೆಕ್ಕ ಹೇಳಿದಂತೆ ಅದು.

ಮೊಮ್ಮಗ ತಂದ ಜೋಡಿ ಈ ಪರೀಕ್ಷೆಯಲ್ಲಿ ಹೇಗಿತ್ತು? ತಂಬೂರಿ ತೇರ್ಗಡೆ, ಮೃದಂಗ ಪರವಾಗಿಲ್ಲ. ವಾರ್ತೆಯ ‘ಸ’ಕಾರ ನನಗೆ ಹಿತವಾಗಿಯೇ ಇತ್ತು. ‘ಚೆನ್ನಾಗಿದೆ’ ಎಂದೆ. ‘ಚುಚ್ಚುತ್ತೆ ತಾತ’ ಎಂದ ಹುಡುಗ. ಇಬ್ಬರೂ ಅದಲುಬದಲು ಮಾಡಿ ಕೇಳಿದೆವು. ಅವನಿಗೆ ಚುಚ್ಚುವ ಜಾಗದಲ್ಲಿ ನನಗೆ ಏನೂ ಇಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಮೇಲುಸ್ವರಗಳನ್ನು. ಪುಸ್ತಕದಲ್ಲಿ ಓದಿದ್ದ ಆ ಮಾತನ್ನು ಅಂದು ನನ್ನ ಕಿವಿಯಲ್ಲೇ ಕಂಡುಕೊಂಡೆ. ಹೇಳದೆ ಕೇಳದೆ ಮನೆಯಿಂದ ಹೊರಟುಹೋದವರ ಸ್ಥಳ ಖಾಲಿ ಇರುವುದು ಬಹಳ ದಿನಗಳ ಮೇಲೆ ತಿಳಿದಂತಾಯಿತು. ಅರವತ್ತು ದಾಟಿದವರು ಇಯರ್‌ಫೋನು ಕೊಳ್ಳುವಾಗ ಚಿಕ್ಕವರೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಲೇಸು.

ಹುಡುಗನ ಕಿವಿಯ ಗತಿ ಏನು? ವಿಶ್ವ ಆರೋಗ್ಯ ಸಂಸ್ಥೆಯವರ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ಬರೀ 4 ಗಂಟೆ. ಬಸ್ಸಿನಲ್ಲಿ ಸೋರುವ ರಬ್ಬರು ತೊಟ್ಟವನು ಎಂಜಿನ್ನಿನ ಗದ್ದಲವನ್ನು ಮೀರಿಸಲು ಸದ್ದನ್ನು ಏರಿಸುತ್ತಲೇ ಹೋಗುತ್ತಾನೆ. ಸರಿಯಾಗಿ ಮುಚ್ಚಿದ ಕಿವಿಗೆ ಏರಿಸುವ ಅಗತ್ಯವೇ ಬೀಳದು. ರಸ್ತೆ ದಾಟುವಾಗ ಮಾತ್ರ ತೆಗೆದು ಜೇಬಿಗಿಡಬೇಕೆಂದು ಅವನಿಗೆ ಹೇಳಿದ್ದೇನೆ. ಮೂತಿಯ ಜಾಲರಿಗೆ ಕಿವಿಯ ಗುಗ್ಗೆ ಮೆತ್ತಿದರೆ ತೂಗುನಾಲಗೆಯ ದನಿ ಮೊದಲು ಅಡಗುತ್ತದೆ; ವಾರಕ್ಕೊಮ್ಮೆ ರಬ್ಬರು ಬಿಚ್ಚಿ ತೊಳೆದು ಒಣಗಿಸಿ, ಜಾಲರಿಯನ್ನು ಒಣಬಟ್ಟೆಯಿಂದ ಒರೆಸಬೇಕು. ಈ ಕೆಲಸ ಈಗ ನಮ್ಮ ಮನೆಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುತ್ತದೆ. ಎಡಕ್ಕೆ ದೊಡ್ಡದು, ಬಲಕ್ಕೆ ಮಧ್ಯಮದ್ದು ನನ್ನವು. ಎರಡೂ ಸಣ್ಣವು ಅವನವು. ಬೆರಕೆಯಾಗದಿರಲೆಂದು ಅಜ್ಜಿಯ ಕುಂಕುಮದ ಹಳೆಯ ಡಬ್ಬಿಯೊಂದರಲ್ಲಿ ನನ್ನವನ್ನು ಬೇರೆ ಇಟ್ಟಿದ್ದೇವೆ.